ಡ್ರೈ ರಾಕ್‌ನಲ್ಲಿ ರೀಫ್ ಟ್ಯಾಂಕ್ ಕಟ್ಟಿದವ್ರು ನಿಮ್ಮ ಅನುಭವ ಹೇಳಿ

ಉಪ್ಪುನೀರಿಗೆ ಹೊಸಬ:
ಹವಳ ಸಾಕೋಕೆ 90×45×50 ಸೆಂ.ಮೀ. ಟ್ಯಾಂಕ್, ಸುಮಾರು 200 ಲೀಟರ್. ಡ್ರೈ ರಾಕ್ (ಜೀವ ಇಲ್ಲದ ಒಣ ರೀಫ್ ಕಲ್ಲು) 22 ಕೆಜಿ ತಂದಿಟ್ಟಿದೀನಿ, ಇನ್ನೂ ಡಬ್ಬ ಬಿಚ್ಚಿಲ್ಲ. ಮಧ್ಯದಲ್ಲಿ ಒಂದು ಕಮಾನು, ಪಕ್ಕದಲ್ಲಿ ಒಂದು ಸಣ್ಣ ದ್ವೀಪ ಮಾಡೋ ಆಸೆ. ಅಂಟಿಸ್ಬೇಕಾ, ಸುಮ್ನೆ ಜೋಡಿಸಿದ್ರೆ ಸಾಕಾ? ಆಸಿಡ್‌ನಲ್ಲಿ ತೊಳೀಬೇಕಾ? ಮಾಡಿ ನೋಡಿರೋರು ಹೇಳಿ ಪ್ಲೀಸ್.

ಬಿದ್ದ ಗೋಪುರ:
ಅಂಟಿಸಿ. ಎರಡನೇ ಮಾತೇ ಬೇಡ. ನಾನು ಮೊದ್ಲು ಮರಳು ಹರಡಿ ಅದರ ಮೇಲೆ ಕಲ್ಲು ಏರಿಸಿದ್ದೆ, ಮೂರು ದಿನ ಕೂತು ಒಂದೊಂದನ್ನೂ ತಿರುಗಿಸಿ ತಿರುಗಿಸಿ ಇಟ್ಟಿದ್ದೆ, ಅಲ್ಲಾಡಿಸಿದ್ರೂ ಕದಲ್ತಿರ್ಲಿಲ್ಲ. ಐದು ತಿಂಗಳು ಏನೂ ಆಗ್ಲಿಲ್ಲ. ಆಮೇಲೆ ಒಂದು ಪಿಸ್ತೂಲ್ ಸೀಗಡಿ, ಅದರ ಜೋಡಿಗೊಂದು ಗೋಬಿ ಮೀನು ಬಿಟ್ಟೆ. ಸೀಗಡಿ ದಿನವಿಡೀ ಬುಲ್ಡೋಜರ್ ಥರ ಮರಳು ಹೊರಗೆ ತಳ್ಳೋದು ನೋಡ್ಕೊಂಡು ಖುಷಿಪಡ್ತಿದ್ದೆ, ಅದು ತಳ್ತಿರೋದು ನನ್ನ ಪಾಯದ ಮರಳು ಅಂತ ಹೊಳೀಲೇ ಇಲ್ಲ. ಒಂದಿನ ರಾತ್ರಿ ಎರಡೂವರೆಗೆ ಧಡ್ ಅಂತು. ಎದ್ದು ಹೋಗಿ ನೋಡಿದ್ರೆ ನೀರೆಲ್ಲ ಹಾಲಿನ ಥರ, ಮೇಲಿದ್ದ ನಾಲ್ಕು ಕೆಜಿ ಕಲ್ಲು ಮುಂದಿನ ಗಾಜಿಗೆ ಹಣೆ ಕೊಟ್ಟು ನಿಂತಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಟಾರ್ಚ್ ಹವಳ ಮೂರು ತಲೆ ಇದ್ದಿದ್ದು ಒಂದಾಯ್ತು, ಹ್ಯಾಮರ್ ಹವಳ ಪೂರ್ತಿ ಪುಡಿ. ಗಾಜಿನ ಮೇಲೆ 11 ಸೆಂ.ಮೀ. ಗೀರು, ಸ್ಕೇಲ್ ಇಟ್ಟು ಅಳೆದಿದೀನಿ. ಮೂರು ವರ್ಷ ಆಯ್ತು, ಆ ಗೀರಿನೊಳಗೆ ಕೋರಲೈನ್ ಪಾಚಿ ಕೂತು ನೇರಳೆ ದಾರ ಎಳೆದಂಗಿದೆ, ಬ್ಲೇಡ್ ಹಾಕಿದ್ರೂ ಬರಲ್ಲ, ಮನೆಗೆ ಬಂದೋರೆಲ್ಲ ಮೀನು ಬಿಟ್ಟು ಅದನ್ನೇ ಕೇಳ್ತಾರೆ.

ಎರಡನೇ ಸಲ ಕಲ್ಲು ನೇರ ತಳದ ಗಾಜಿನ ಮೇಲೆ, ಮರಳು ಆಮೇಲೆ. ಜೆಲ್ ಸೂಪರ್ ಗ್ಲೂ 20 ಗ್ರಾಂ ಟ್ಯೂಬ್ 14 ಖಾಲಿ ಆಯ್ತು. ಬರೀ ಗ್ಲೂ ಭಾರ ತಡೆಯಲ್ಲ, ಸಂದಿಗೆ ಅದೇ ಕಲ್ಲಿನ ಪುಡಿ ತುಂಬಿ ಮೇಲಿಂದ ತೆಳು ಗ್ಲೂ ಬಿಡ್ಬೇಕು, ತಕ್ಷಣ ಬಿಸಿಯಾಗಿ ಹೊಗೆ ಬಂದು ಗಟ್ಟಿಯಾಗುತ್ತೆ, ಮುಖ ಹತ್ರ ಇಟ್ಕೋಬೇಡಿ. ಒಳಗೆ ಅಕ್ರಿಲಿಕ್ ಕಡ್ಡಿ ಕೂರಿಸೋಕೆ ಹೋಗಿ ಡ್ರಿಲ್ ಬಿಟ್ ಎರಡು ಮುರೀತು, ಅದು ಬೇರೆ ಕಥೆ.

ಕಂದು ಗೊಣ್ಣೆ:
ಅಂಟಿಸೋದು ಬಿಡಿ ಸಾರ್, ಡ್ರೈ ರಾಕ್ ಅಂದ್ರೆ ಸತ್ತ ಕಲ್ಲು, ಅದರಲ್ಲಿ ಏನೂ ಇಲ್ಲ, ಖಾಲಿ ಸೈಟ್ ಥರ, ಯಾರು ಮೊದ್ಲು ಬಂದು ಕೂತ್ರೆ ಅವರದ್ದೇ ಮನೆ. ನನ್ನ ಟ್ಯಾಂಕಲ್ಲಿ ಡೈನೋ (ಡೈನೋಫ್ಲಾಜೆಲೇಟ್, ಪಾಚಿ ಥರದ ಸೂಕ್ಷ್ಮಜೀವಿ) ಬಂದು ಕೂತ್ಕೊಂಡ್ತು. ಏಳು ತಿಂಗಳು ಮೂರು ವಾರ. ಬೆಳಿಗ್ಗೆ ಲೈಟ್ ಬಂದ ಎರಡು ಗಂಟೆಗೆ ಕಲ್ಲಿನ ಮೇಲೆಲ್ಲ ಕಂದು ಗೊಣ್ಣೆ, ಅದರ ತುದಿಗೊಂದೊಂದು ಗಾಳಿ ಗುಳ್ಳೆ, ರಾತ್ರಿ ಹೋಗಿ ನೋಡಿದ್ರೆ ಮಾಯ, ಬೆಳಿಗ್ಗೆ ಮತ್ತೆ ಹಾಜರ್. ಬಸವನಹುಳು ಸತ್ತಿದ್ದು 31, ಲೆಕ್ಕ ಬರೆದಿಟ್ಟಿದೀನಿ. ಆಗ ನನ್ನ ನೀರಲ್ಲಿ ಪಾಚಿಗೆ ಗೊಬ್ಬರ ಆಗೋ ನೈಟ್ರೇಟ್ 0, ಫಾಸ್ಫೇಟ್ 0.00, ಅದನ್ನ ಎಲ್ಲರಿಗೂ ತೋರಿಸ್ಕೊಂಡು ಓಡಾಡ್ತಿದ್ದೆ. ಗೊಣ್ಣೆ ಜಾಸ್ತಿ ಆದಷ್ಟೂ ನೀರು ಬದಲಾಯಿಸ್ದೆ, ನೀರು ಬದಲಾಯಿಸಿದಷ್ಟೂ ಗೊಣ್ಣೆ ಜಾಸ್ತಿ ಆಯ್ತು. ಕೊನೆಗೆ ಮಗನ ಸ್ಕೂಲ್ ಮೈಕ್ರೋಸ್ಕೋಪ್ ತಗೊಂಡು ನೋಡಿದ್ರೆ ಕಣ್ಣೀರ ಹನಿ ಆಕಾರದ್ದು, ಒಂದು ತುದಿ ಕಟ್ಟಿಹಾಕಿದಂಗೆ ಅಲ್ಲೇ ಗಿರಗಿರ. ಆಸ್ಟ್ರಿಯೋಪ್ಸಿಸ್ ಅನ್ನೋ ಡೈನೋ. ನೈಟ್ರೇಟ್ 5 ರಿಂದ 10 ಪಿಪಿಎಂ, ಫಾಸ್ಫೇಟ್ 0.1ಕ್ಕೆ ಬೇಕಂತಲೇ ಏರಿಸಿ, ಮೂರು ದಿನ ಕತ್ತಲು ಮಾಡಿ, ನೀರು ಹಾಯೋ ಯುವಿ ಲೈಟ್ ಹಾಕಿದ್ಮೇಲೆ ಹೋಯ್ತು. ಈ ಜಾತಿ ರಾತ್ರಿ ನೀರಿಗೆ ಇಳಿಯುತ್ತೆ, ಅದಕ್ಕೇ ಯುವಿಗೆ ಸಿಕ್ಕಿದ್ದು. ಮೊದಲೇ ಎರಡು ಕೆಜಿ ಲೈವ್ ರಾಕ್ (ಸಮುದ್ರದ ಜೀವಿಗಳು ಇನ್ನೂ ಇರೋ ಕಲ್ಲು) ಹಾಕಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ.

ಟಕ್ ಟಕ್:
ಎರಡು ಕೆಜಿ ಲೈವ್ ರಾಕ್! ನನಗೂ ಇದೇ ಮಾತು ಹೇಳಿದ್ರು. ಹಾಕ್ದೆ. ನಾಲ್ಕನೇ ವಾರದಿಂದ ರಾತ್ರಿ ಟ್ಯಾಂಕಿಂದ ಟಕ್, ಟಕ್ ಅಂತ ಸದ್ದು, ಪಂಪ್ ಇರಬೇಕು ಅಂತ ಪಂಪ್ ಬಿಚ್ಚಿ ಕ್ಲೀನ್ ಮಾಡ್ದೆ, ಮೂರು ಸಲ. ಅಷ್ಟರಲ್ಲಿ ಸನ್ಯಾಸಿ ಏಡಿ ಐದು ಹೋದ್ವು, ಕ್ಲೀನರ್ ಸೀಗಡಿದು ಎರಡು ಮೀಸೆ ಮಾತ್ರ ಸಿಕ್ತು. ಮ್ಯಾಂಟಿಸ್ ಸೀಗಡಿ. ಅದು ಇದ್ದ ಕಲ್ಲನ್ನ ಹೊರಗೆ ತೆಗ್ದು ತೂತಿಗೆ ಸೋಡಾ ನೀರು ಬಿಟ್ಮೇಲೆ ಆಚೆ ಬಂತು, ಬೆರಳುದ್ದ, ನನ್ನನ್ನೇ ದಿಟ್ಟಿಸಿ ನೋಡ್ತಿತ್ತು. ಮುಗೀತು ಅಂದ್ಕೊಂಡ್ರೆ ಐಪ್ಟೇಸಿಯಾ ಅನ್ನೋ ಕಳೆ ಥರ ಹಬ್ಬೋ ಅನಿಮೋನ್, ಅದಾದ್ಮೇಲೆ ಬಬಲ್ ಪಾಚಿ. ಒಂದೂವರೆ ವರ್ಷಕ್ಕೆ ಟ್ಯಾಂಕ್ ಪೂರ್ತಿ ಕಿತ್ತು ಹಾಕಿ ಡ್ರೈ ರಾಕ್‌ನಲ್ಲಿ ಕಟ್ಟಿದೀನಿ, ಈಗ ನೆಮ್ಮದಿಯಾಗಿ ನಿದ್ದೆ ಬರುತ್ತೆ.

ಇನ್ನೊಂದು, ಆಗ ಯಾರೋ ಪುಣ್ಯಾತ್ಮರು ಕಲ್ಲು ಕುದಿಸಿ ಅಂದಿದ್ರು. ದಯವಿಟ್ಟು ಯಾರೂ ಕುದಿಸ್ಬೇಡಿ. ಕಲ್ಲಿನ ಮೇಲೆ ಝೋಯಾ ಜಾತಿ ಹವಳ ಇದ್ರೆ ಪ್ಯಾಲಿಟಾಕ್ಸಿನ್ ಅನ್ನೋ ವಿಷ ಹಬೆಯಲ್ಲಿ ಬರುತ್ತೆ, ಮನೆಮಂದಿಯೆಲ್ಲ ಆಸ್ಪತ್ರೆ ಸೇರ್ತಾರೆ.

ಕಂದು ಗೊಣ್ಣೆ:
ಕಲ್ಲನ್ನ ಬೇರೆ ಬಕೆಟಲ್ಲಿ ಎರಡು ತಿಂಗಳು ಇಟ್ಟು ನೋಡಿದ್ರೆ ಮ್ಯಾಂಟಿಸ್ ಅಲ್ಲೇ ಸಿಕ್ತಿತ್ತು. ತಾಳ್ಮೆ ನಿಮ್ದು ಸಾಲದೇ ಹೋದ್ರೆ ಕಲ್ಲೇನು ಮಾಡುತ್ತೆ?

ಟಕ್ ಟಕ್:
ಫಾಸ್ಫೇಟ್ ಸೊನ್ನೆಗೆ ಇಳಿಸಿ 31 ಬಸವನಹುಳು ಕೊಂದೋರು ನನಗೆ ತಾಳ್ಮೆ ಪಾಠ ಹೇಳ್ತಿದಾರೆ. ಡೈನೋ ಬಂದಿದ್ದು ಕಲ್ಲಿಂದಲ್ಲ ಸ್ವಾಮಿ, ನಿಮ್ಮ ಸೊನ್ನೆಯಿಂದ.

ಡ್ರಮ್ ಸಾರ್:
ಆಸಿಡ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ. ನಂದು ಸಮುದ್ರದಿಂದ ತೆಗೆದು ಒಣಗಿಸಿದ ಕಲ್ಲು, ತೂತುಗಳೊಳಗೆ ಒಣಗಿದ ಸ್ಪಂಜು ಇನ್ನೂ ಹಾಗೇ ಇತ್ತು. ಬ್ಲೀಚ್‌ನಲ್ಲಿ ಹತ್ತು ದಿನ, ಆಮೇಲೆ ಹತ್ತು ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್. ನೊರೆ ಬಂತು ನೋಡಿ, ಬಕೆಟ್ ತುಂಬಿ ಚೆಲ್ಲಿತು. ಯಾವ ಚಪ್ಪಟೆ ಕಲ್ಲನ್ನ ಅದರ ತೆಳು ಅಂಚಿಗೋಸ್ಕರ ಆರಿಸಿ ತಂದಿದ್ನೋ ಆ ಅಂಚೇ ಕರಗಿಹೋಯ್ತು, ಕೈಯಲ್ಲಿ ಉಳಿದಿದ್ದು ಆಲೂಗಡ್ಡೆ ಥರ ಒಂದು ಗುಂಡು. ಆಮೇಲೂ ಫಾಸ್ಫೇಟ್ ಬಿಡೋದು ನಿಲ್ಲಲಿಲ್ಲ. ಡ್ರಮ್‌ನಲ್ಲಿ ಉಪ್ಪುನೀರು, ಹೀಟರ್, ಪಂಪ್ ಹಾಕಿ ಮುಚ್ಚಿಟ್ಟೆ. ಮೊದಲ ವಾರ 1.2, ಮೂರನೇ ವಾರ 0.9, ಆರನೇ ವಾರಕ್ಕೂ 0.7. ಲ್ಯಾಂಥನಮ್ ಕ್ಲೋರೈಡ್ ಹನಿ ಹನಿ ಬಿಟ್ಟು ಒಂಬತ್ತನೇ ವಾರಕ್ಕೆ 0.08ಕ್ಕೆ ತಂದೆ. ಒಂಬತ್ತು ವಾರ ಮನೆಯವರು ಆ ಡ್ರಮ್ ಸುತ್ತು ಹಾಕ್ಕೊಂಡೇ ಓಡಾಡಿದ್ರು.

ಗಾಳಿ ಬರೋ ಕಡೆ ನಿಲ್ಲಿ:
ಡ್ರಮ್ ಸಾರ್, ಬ್ಲೀಚ್ ಆದ್ಮೇಲೆ ಆಸಿಡ್ ಅಂತ ಆರಾಮಾಗಿ ಬರೆದ್ಬಿಟ್ರಲ್ಲ. ಮಧ್ಯೆ ಚೆನ್ನಾಗಿ ತೊಳೀದೆ, ಥಯೋಸಲ್ಫೇಟ್ (ಉಳಿದ ಕ್ಲೋರಿನ್ ತೆಗೆಯೋ ಉಪ್ಪು) ಹಾಕದೆ, ಬಿಸಿಲಿಗೆ ಒಣಗಿಸದೆ ಆಸಿಡ್‌ಗೆ ಹಾಕಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಆಸಿಡ್‌ನ ನೀರಿಗೆ ಹಾಕ್ಬೇಕು, ನೀರನ್ನ ಆಸಿಡ್‌ಗೆ ಅಲ್ಲ. ಹೊಸಬರು ಓದ್ತಿರ್ತಾರೆ, ಇಷ್ಟಾದ್ರೂ ಬರೀಬೇಕಿತ್ತು.

ಡ್ರಮ್ ಸಾರ್:
ತೊಳೀಬೇಕು ಅಂತ ಮಗುಗೂ ಗೊತ್ತು.

ಗಾಳಿ ಬರೋ ಕಡೆ ನಿಲ್ಲಿ:
ನನಗೆ ಗೊತ್ತಿರ್ಲಿಲ್ಲ. ಎರಡು ದಿನ ಕೆಮ್ಮಿದೀನಿ.

ಉಪ್ಪುನೀರಿಗೆ ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ನಂದು ನೆಲದಿಂದ ಅಗೆದು ತೆಗೆದ ಹಳೇ ರೀಫ್ ಕಲ್ಲು, ಬೆಳ್ಳಗೆ ಕ್ಲೀನಾಗಿದೆ. ಇದಕ್ಕೂ ಆಸಿಡ್ ಬೇಕಾ? ಕಮಾನಿನ ಬಗ್ಗೆ ಏನಾದ್ರೂ?

ಹಳೇ ಗೋಡೆ:
ಕಮಾನು ದ್ವೀಪ ಎಲ್ಲ ಫೋಟೋಗೆ. ನಾವು ಶುರು ಮಾಡಿದಾಗ ಲೀಟರಿಗೆ 120 ಗ್ರಾಂ ಲೆಕ್ಕ, ಹಿಂದಿನ ಗಾಜಿಗೆ ಒರಗಿಸಿ ಮೇಲಿನ ತನಕ ಗೋಡೆ ಕಟ್ತಿದ್ವಿ, ನೀರಿನ ಕೊಳೆ ತಿನ್ನೋ ಬ್ಯಾಕ್ಟೀರಿಯಾಗೆ ಜಾಗ ಬೇಕಲ್ಲ. ಈಗಿನವ್ರು ಎರಡು ಕಲ್ಲಿಟ್ಟು ಖಾಲಿ ಜಾಗವೇ ಕಲೆ ಅಂತಾರೆ, ಆಮೇಲೆ ಬಾಟಲಿ ಬ್ಯಾಕ್ಟೀರಿಯಾ ಸುರೀತಾರೆ. ನಾನು ಬಾಟಲಿ ಮುಟ್ಟಿದವನೇ ಅಲ್ಲ, ಸೈಕಲ್‌ಗೆ, ಅಂದ್ರೆ ಬ್ಯಾಕ್ಟೀರಿಯಾ ತಾನಾಗೇ ಬೆಳೆಯೋಕೆ, ಆರು ವಾರ ಸುಮ್ನೆ ಕಾದೆ.

ಕಂದು ಗೊಣ್ಣೆ:
ಆ ಗೋಡೆ ಹಿಂದೆ ಎಷ್ಟು ಕಸ ಕೂತಿದೆ ಅಂತ ಯಾವತ್ತಾದ್ರೂ ಕೈ ಹಾಕಿ ನೋಡಿದೀರಾ? ನೀರಿನ ಓಟವೇ ಇರಲ್ಲ ಅಲ್ಲಿ.

ಹಳೇ ಗೋಡೆ:
ಕೈ ಹಾಕೋಕೆ ಜಾಗ ಇದ್ರೆ ತಾನೆ. ಆದ್ರೂ ನಂದು ಹದಿನಾಲ್ಕು ವರ್ಷದಿಂದ ನಡೀತಿದೆ, ನಿಮ್ದು?

ಟಕ್ ಟಕ್:
ಮೂಲ ಪ್ರಶ್ನೆ ಕೇಳಿದವ್ರೇ, ಆಸಿಡ್ ಬೇಡ. ಒಂದು ತುಂಡನ್ನ ಬಕೆಟ್ ಉಪ್ಪುನೀರಲ್ಲಿ ಒಂದು ವಾರ ಇಟ್ಟು ಫಾಸ್ಫೇಟ್ ಟೆಸ್ಟ್ ಮಾಡಿ, ಏರದಿದ್ರೆ ಬ್ರಶ್ ಹಾಕಿ ಉಜ್ಜಿದ್ರೆ ಸಾಕು. ಮೊದಲ ಕೆಲವು ತಿಂಗಳು ಕಂದು, ಹಸಿರು, ಕೆಂಪು ಎಲ್ಲ ಬಣ್ಣದ ಪಾಚಿ ಬಂದು ಹೋಗುತ್ತೆ, ಹೆದರಿಕೊಂಡು ನೈಟ್ರೇಟ್ ಸೊನ್ನೆ ಮಾಡೋಕೆ ಹೋಗ್ಬೇಡಿ. ಮಾಡಿದವ್ರು ಮೇಲೆ ಇದಾರೆ.

ಕಂದು ಗೊಣ್ಣೆ:
ಹೆಸರು ಹಾಕೇ ಹೇಳಿ ಪರವಾಗಿಲ್ಲ.

ಉಪ್ಪುನೀರಿಗೆ ಹೊಸಬ:
ಟ್ಯಾಂಕಿನ ಅಳತೆಗೆ ರಟ್ಟಿನ ಡಬ್ಬ ಕತ್ತರಿಸಿ ಅದರಲ್ಲೇ ಜೋಡಿಸ್ತಾ ಇದೀನಿ. ಸುತ್ತಿಗೆ ಉಳಿಯಿಂದ ಒಡೆದ ಮೇಲೆ ಮೂರು ಕಲ್ಲು ಒಂದಕ್ಕೊಂದು ಸರಿಯಾಗಿ ಕೂತ್ಕೊಂಡ್ವು, ಕಮಾನು ಎರಡು ಸಲ ಬಿತ್ತು, ಈಗ ನಿಂತಿದೆ. 22ರಲ್ಲಿ 15 ಕೆಜಿನೇ ಸಾಕಾಯ್ತು. ಗಾಜಿಂದ ಎಷ್ಟು ದೂರ ಬಿಡ್ಬೇಕು?

ಗಾಳಿ ಬರೋ ಕಡೆ ನಿಲ್ಲಿ:
ಗಾಜು ಒರೆಸೋ ಮ್ಯಾಗ್ನೆಟ್ ಸಲೀಸಾಗಿ ಓಡಾಡೋಷ್ಟು, ಅದರ ಮೇಲೆ ಎರಡು ಬೆರಳು. ಹವಳ ಬೆಳೆದು ಗಾಜಿನ ಕಡೆಗೇ ಬರುತ್ತೆ.

ಬಿದ್ದ ಗೋಪುರ:
ಮರಳು ಇನ್ನೂ ಹಾಕಿಲ್ಲ ತಾನೆ?