‘ಉಷ್ಣ ಆಗಿದೆ’ ಎಂದರೆ ಯಂತ್ರಕ್ಕೆ ಏನು ಅರ್ಥವಾಗುತ್ತದೆ?

ಪ್ರಶ್ನೆ (ಮುಳಬಾಗಿಲು ತಾಲ್ಲೂಕಿನಿಂದ): ವಿಶ್ವವಿದ್ಯಾಲಯವೊಂದರ ಸಂಶೋಧನಾ ತಂಡದವರು ಕಳೆದ ವಾರ ನಮ್ಮೂರಿನ ಹಾಲಿನ ಡೇರಿಯ ಹತ್ತಿರ ಬಂದಿದ್ದರು. ಸಕ್ಕರೆ ಕಾಯಿಲೆ ಇರುವವರು ಮೊಬೈಲಿನಲ್ಲಿರುವ ಕೃತಕ ಬುದ್ಧಿಮತ್ತೆಯ ಜೊತೆ ಹೇಗೆ ಮಾತನಾಡುತ್ತಾರೆ ಎಂಬುದನ್ನು ಅಧ್ಯಯನ ಮಾಡುತ್ತೇವೆ, ನಿಮ್ಮ ತಾಯಿಯೂ ಸೇರಬಹುದು ಎಂದು ಹೇಳಿ ಹೋದರು. ತಾಯಿಗೆ 68 ವರ್ಷ, ಓದು ಬರಹ ಇಲ್ಲ, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಯಂತ್ರ ಕೊಡುವ ಉತ್ತರ ಸರಿಯೋ ತಪ್ಪೋ ಎಂಬುದನ್ನು ವೈದ್ಯರೇ ಕೂತು ಪರೀಕ್ಷಿಸಬಹುದಲ್ಲವೇ? ಅದಕ್ಕೆ ನಮ್ಮ ತಾಯಿ ಏಕೆ ಬೇಕು?

ಉತ್ತರ (ಆರೋಗ್ಯ ಸಂವಹನದ ಸಂಶೋಧಕಿ): ವೈದ್ಯರು ಪರೀಕ್ಷಿಸಿದರೆ ಯಂತ್ರಕ್ಕೆ ಎಷ್ಟು ತಿಳಿದಿದೆ ಎಂಬುದಷ್ಟೇ ಗೊತ್ತಾಗುತ್ತದೆ, ಆ ತಿಳಿವಳಿಕೆ ನಿಮ್ಮ ತಾಯಿಗೆ ದಕ್ಕುತ್ತದೆಯೇ ಎಂಬುದು ಗೊತ್ತಾಗುವುದಿಲ್ಲ. ಇವೆರಡರ ನಡುವಿನ ಅಂತರ ಸಣ್ಣದೇನಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದ ತಂಡವೊಂದು 2025ರಲ್ಲಿ ಹೊರತಂದ ಅಧ್ಯಯನದಲ್ಲಿ ಬ್ರಿಟನ್ನಿನ 1,298 ಜನರಿಗೆ, ಕಾಯಿಲೆಯ 10 ಸನ್ನಿವೇಶಗಳಲ್ಲಿ ಕೆಲವನ್ನು ಆಯ್ದು, ಕಾಯಿಲೆ ಯಾವುದೆಂದು ಕಂಡುಕೊಳ್ಳಲು ಕೊಡಲಾಗಿತ್ತು. ಸನ್ನಿವೇಶದ ವಿವರವನ್ನು ಪೂರ್ತಿಯಾಗಿ ನೇರ ಯಂತ್ರಕ್ಕೇ ಕೊಟ್ಟಾಗ ಅದು ಶೇಕಡಾ 94.9 ಸಲ ಕಾಯಿಲೆಯನ್ನು ಗುರುತಿಸಿತು. ಅದೇ ಯಂತ್ರದ ಜೊತೆ ಜನರು ಮಾತನಾಡಿ ಕಂಡುಕೊಳ್ಳಲು ಹೊರಟಾಗ ಆ ಪ್ರಮಾಣ ಶೇಕಡಾ 34.5ಕ್ಕಿಂತ ಕೆಳಗಿಳಿಯಿತು, ಯಂತ್ರದ ನೆರವಿಲ್ಲದೆ ತಮಗೆ ತಿಳಿದ ಹಾದಿಯಲ್ಲಿ ಹುಡುಕಿಕೊಂಡವರಿಗಿಂತ ಇವರು ಒಂದು ಕೈ ಮೇಲಾಗಲಿಲ್ಲ. ಹೇಳಬೇಕಾದದ್ದನ್ನು ಜನ ಅರ್ಧಕ್ಕೇ ಬಿಟ್ಟಿದ್ದರು, ಯಂತ್ರ ಹೇಳಿದ ನಾಲ್ಕಾರು ಮಾತುಗಳಲ್ಲಿ ಯಾವುದನ್ನು ಹಿಡಿಯಬೇಕೆಂದೂ ಅವರಿಗೆ ತೋಚಿರಲಿಲ್ಲ.

ಅದು ಇಂಗ್ಲಿಷ್ ಮಾತನಾಡುವವರ ಪಾಡು. ನಮ್ಮ ಕೋಲಾರದ ಕಡೆಯ ಹೆಂಗಸರು ‘ಉಷ್ಣ ಆಗಿದೆ’ ಎಂದರೆ ಅದು ಉರಿಮೂತ್ರವಾಗಿರಬಹುದು, ಬಾಯಿಹುಣ್ಣಾಗಿರಬಹುದು, ಕಣ್ಣುರಿಯೂ ಆಗಿರಬಹುದು. ಪದವನ್ನು ಅಕ್ಷರಶಃ ಹಿಡಿದ ಯಂತ್ರ ಅದನ್ನು ಜ್ವರವೆಂದುಕೊಂಡು ಪ್ಯಾರಾಸಿಟಮಾಲ್ ಹೇಳಿಬಿಟ್ಟರೆ, ಸಕ್ಕರೆ ಕಾಯಿಲೆಯವರಲ್ಲಿ ಸುಲಭವಾಗಿ ಕಾಣಿಸಿಕೊಳ್ಳುವ ಮೂತ್ರದ ಸೋಂಕು ಹಾಗೆಯೇ ಉಳಿದುಬಿಡುತ್ತದೆ. ‘ಸುಸ್ತು’ ಎಂಬುದು ಇದಕ್ಕಿಂತ ಅಪಾಯದ ಪದ. ಬೆಳಿಗ್ಗೆ ಮಾತ್ರೆ ನುಂಗಿ, ಟೊಮೆಟೊ ಕೀಳುವ ಕೆಲಸದಲ್ಲಿ ಊಟ ತಡವಾಗಿ, ರಕ್ತದ ಸಕ್ಕರೆ ತೀರಾ ಇಳಿದು ಬೆವರಿ ನಡುಗುತ್ತಿರುವವರಿಗೆ ಆ ಗಳಿಗೆಯಲ್ಲಿ ಬೇಕಾಗಿರುವುದು ಸಕ್ಕರೆ. ಆದರೆ ಅವರು ‘ಸಕ್ಕರೆ ಕಾಯಿಲೆ ಇದೆ, ಸುಸ್ತಾಗುತ್ತಿದೆ’ ಎಂದಷ್ಟೇ ಹೇಳಿದರೆ, ‘ಊಟ ಯಾವಾಗ ಮಾಡಿದಿರಿ, ಬೆವರುತ್ತಿದೆಯೇ’ ಎಂದು ಯಂತ್ರ ತಿರುಗಿ ಕೇಳುತ್ತದೆಯೇ, ಅಥವಾ ಸಿಹಿ ಬಿಡಿ, ದಿನಾ ನಡೆಯಿರಿ ಎಂದು ಬುದ್ಧಿ ಹೇಳಲು ಕೂರುತ್ತದೆಯೇ? ಇದನ್ನು ತಿಳಿಯಬೇಕಾದರೆ ನಿಮ್ಮ ತಾಯಿಯಂಥವರೇ, ತೆಲುಗು ಬೆರೆತ ತಮ್ಮದೇ ಕನ್ನಡದಲ್ಲಿ, ತಮ್ಮದೇ ಮಾತು ಆಡಬೇಕು. ಓದು ಬಲ್ಲವರನ್ನು ಮಾತ್ರ ಆರಿಸಿಕೊಂಡು ಹೋಗುವ ತಂಡದ ಫಲಿತಾಂಶ ನಮ್ಮ ಹಳ್ಳಿಗಳಿಗೆ ಅನ್ವಯಿಸುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ (ಬಂಗಾರಪೇಟೆಯ ಆಶಾ ಕಾರ್ಯಕರ್ತೆ): ಆಸ್ಪತ್ರೆಯಲ್ಲಿ ವೈದ್ಯರು ಎರಡು ಮಾತು ಆಡಿ ಮುಂದಿನವರನ್ನು ಕರೆಯುತ್ತಾರೆ, ಮೊಬೈಲು ಮಾತ್ರ ಸಮಾಧಾನವಾಗಿ, ನಯವಾಗಿ ಹೇಳುತ್ತದೆ. ಹೀಗಾಗಿ ನನ್ನ ವ್ಯಾಪ್ತಿಯ ಮನೆಗಳಲ್ಲಿ ಜನ ಅದನ್ನೇ ಹೆಚ್ಚು ನಂಬುತ್ತಿದ್ದಾರೆ. ಅವರನ್ನು ತಪ್ಪೆನ್ನಲು ನನಗೂ ಮನಸ್ಸು ಬರುವುದಿಲ್ಲ.

ಉತ್ತರ: ತಪ್ಪೆನ್ನಬೇಕಾಗಿಯೂ ಇಲ್ಲ, ಇದು ಮನುಷ್ಯ ಸ್ವಭಾವ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್, ಮಾತಿಗೆ ಮಾತು ಕೊಡುವ ‘ಎಲೈಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ಪ್ರಕಟಿಸಿದರು. ನಾವು ಹೇಳಿದ ಮಾತನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುವುದರ ಹೊರತು ಅದಕ್ಕೆ ಹೆಚ್ಚೇನೂ ಬರುತ್ತಿರಲಿಲ್ಲ. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ನಾಲ್ಕು ಮಾತಾಡಿದ ಮೇಲೆ, ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ಅವರನ್ನು ಕೇಳಿಕೊಂಡರಂತೆ.

2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋದ ಸಂಶೋಧಕರ ನೇತೃತ್ವದಲ್ಲಿ, ಅಂತರ್ಜಾಲದಲ್ಲಿ ಸಾರ್ವಜನಿಕರು ಕೇಳಿದ್ದ 195 ಆರೋಗ್ಯ ಪ್ರಶ್ನೆಗಳಿಗೆ ವೈದ್ಯರು ಕೊಟ್ಟಿದ್ದ ಉತ್ತರವನ್ನೂ ಚಾಟ್‌ಜಿಪಿಟಿಯ ಉತ್ತರವನ್ನೂ ಹೋಲಿಸಲಾಯಿತು. ಶೇಕಡಾ 78.6ರಷ್ಟು ಸಲ ಯಂತ್ರದ ಉತ್ತರಕ್ಕೇ ಮತ ಬಿತ್ತು. ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಯಿತು, ಆದರೆ ಒಳಹೊಕ್ಕು ನೋಡಿ: ವೈದ್ಯರ ಉತ್ತರ ಸರಾಸರಿ 52 ಪದ, ಯಂತ್ರದ್ದು 211. ಮತ ಹಾಕಿದವರೂ ಆರೋಗ್ಯ ವೃತ್ತಿಯವರೇ ಹೊರತು ರೋಗಿಗಳಲ್ಲ. ನಯವಾಗಿ ಹೇಳಿದ್ದು ರೋಗಿಯ ತಲೆಗೆ ಹೋಯಿತೇ, ಮಾತ್ರೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಯಿತೇ ಎಂಬುದನ್ನು ಅಲ್ಲಿ ಯಾರೂ ಅಳೆದಿರಲಿಲ್ಲ.

ಅದನ್ನು ಅಳೆಯುವ ಕ್ರಮ ನಿಮ್ಮ ಕೈಯಲ್ಲೇ ಇದೆ. ‘ಅರ್ಥವಾಯಿತೇ’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಈಗ ಮನೆಗೆ ಹೋಗಿ ಏನು ಮಾಡುತ್ತೀರಿ, ನನಗೆ ಹೇಳಿ’ ಎಂದು ಕೇಳಿ. ಮೊಬೈಲು ಹೇಳಿದ್ದನ್ನೂ ಹೀಗೆಯೇ ಅವರ ಬಾಯಿಂದ ಹೇಳಿಸಿ. ಎಲ್ಲಿ ತಪ್ಪಿದ್ದಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ (ಮೊದಲು ಕೇಳಿದವರು): ತಾಯಿ ಒಪ್ಪಿದ್ದಾರೆ. ಹೆಬ್ಬೆಟ್ಟು ಒತ್ತುವ ಮೊದಲು ತಂಡದವರನ್ನು ಏನೇನು ಕೇಳಬೇಕು?

ಉತ್ತರ: ಅಧ್ಯಯನಕ್ಕೆ ಸೇರುವವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ, ಸಂಸ್ಥೆಯ ನೈತಿಕ ಸಮಿತಿಯ ಅನುಮೋದನೆ ಪತ್ರವನ್ನು ಮೊದಲು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಓದು ಬಾರದವರ ಒಪ್ಪಿಗೆ ಪಡೆಯುವಾಗ ತಂಡಕ್ಕೆ ಸೇರದ, ಓದು ಬಲ್ಲ ಸಾಕ್ಷಿಯೊಬ್ಬರು ಹಾಜರಿರಬೇಕು, ಮತ್ತು ಯಾವಾಗ ಬೇಕಾದರೂ ಹೊರಬರುವ ಹಕ್ಕು ತಾಯಿಗೆ ಇರುತ್ತದೆ. ಅವರ ದನಿಯ ಮುದ್ರಣ ಯಾರ ಬಳಿ, ಎಷ್ಟು ಕಾಲ ಉಳಿಯುತ್ತದೆ, ಯಂತ್ರ ತಯಾರಿಸಿದ ಕಂಪನಿಯ ಕೈಗೂ ಅದು ಸೇರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲೇ ಪಡೆಯಿರಿ.

ಇನ್ನೊಂದು ಮಾತು. ಯಂತ್ರದ ಜೊತೆ ಮಾತನಾಡುತ್ತಿರುವಾಗಲೇ ತಾಯಿ ‘ಎದೆ ಹಿಡಿದ ಹಾಗಿದೆ, ಗ್ಯಾಸ್ಟ್ರಿಕ್ ಇರಬೇಕು’ ಎಂದುಬಿಟ್ಟರೆ ಆ ಕ್ಷಣದಲ್ಲಿ ತಂಡದ ಯಾರು, ಏನು ಮಾಡುತ್ತಾರೆ ಎಂದು ಕೇಳಿ. ಅಧ್ಯಯನವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಸಂಪರ್ಕಿಸುವ, 108ಕ್ಕೆ ಕರೆ ಮಾಡುವ ಏರ್ಪಾಡು ಅವರ ಯೋಜನೆಯಲ್ಲೇ ಬರೆದಿರಬೇಕು. ಈ ಪ್ರಶ್ನೆಗೆ ಅವರು ತಡವರಿಸಿದರೆ ಹೆಬ್ಬೆಟ್ಟು ಒತ್ತಿಸಬೇಡಿ.