45 ಪೌಂಡಿಗೆ ಹಳೆಯ ರ‍್ಯಾಲಿ ರೋಡ್ ಸೈಕಲ್: ಕೊಳ್ಳಬಹುದೇ?

ಕುಂದವಾಡಕೆರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಿನಿಂದ ನಾಟಿಂಗ್‌ಹ್ಯಾಮಿನಲ್ಲಿ ಎಂ.ಎಸ್‌ಸಿ. ಓದುತ್ತಿದ್ದೇನೆ. ಕೋಣೆ ಬೀಸ್ಟನ್ನಿನಲ್ಲಿ, ತರಗತಿ ಜುಬಿಲಿ ಕ್ಯಾಂಪಸ್ಸಿನಲ್ಲಿ. ದಿನಕ್ಕೆ ಹೋಗಿ ಬರಲು ಎಂಟು ಒಂಬತ್ತು ಕಿಲೋಮೀಟರ್. ಬಸ್ಸಿಗೆ ಕೊಡುವ ಹಣವನ್ನು ರೂಪಾಯಿಗೆ ತಿರುಗಿಸಿ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದಕ್ಕೇ ಸೈಕಲ್ ಹುಡುಕುತ್ತಿದ್ದೇನೆ.

ನಮ್ಮ ಬೀದಿಯಿಂದ ಎರಡು ಬೀದಿ ಆಚೆ ಒಬ್ಬ ಅಜ್ಜ ತಮ್ಮ ಶೆಡ್ಡಿನಲ್ಲಿದ್ದ ಹಳೆಯ ರೋಡ್ ಸೈಕಲ್ಲನ್ನು 45 ಪೌಂಡಿಗೆ ಮಾರುತ್ತಿದ್ದಾರೆ. ಬಗ್ಗಿದ ಹ್ಯಾಂಡಲ್, ಹತ್ತು ಗೇರು, ಗೇರಿನ ಲಿವರುಗಳು ಕೆಳಗಿನ ಓರೆ ಪೈಪಿನ ಮೇಲೆ. ಬಣ್ಣ ಕಡು ಕೆಂಪು. ಮಾದರಿಯ ಹೆಸರಿನ ಸ್ಟಿಕ್ಕರ್ ಉದುರಿದೆ, ಮುಂದೆ ರ‍್ಯಾಲಿ ಕಂಪನಿಯ ಕೊಕ್ಕರೆ ತಲೆಯ ಬಿಲ್ಲೆ ಮಾತ್ರ ಉಳಿದಿದೆ. ರಿಮ್ಮುಗಳು ಕನ್ನಡಿಯಂತೆ ಹೊಳೆಯುತ್ತವೆ. ಫ್ರೇಮು ಹತ್ತೊಂಬತ್ತೂವರೆ ಅಂಗುಲ ಎಂದರು. ನನ್ನ ಎತ್ತರ ಐದು ಅಡಿ ಐದು ಅಂಗುಲ.

ದಾವಣಗೆರೆಯಲ್ಲಿ ಅಪ್ಪನ ಅಟ್ಲಾಸಿನಲ್ಲಿ ಒಳಪೆಡಲು ಹೊಡೆದು ಕಲಿತವಳು ನಾನು. ಸೈಕಲ್ ಓಡಿಸಲು ಬರುತ್ತದೆ, ಬಿಚ್ಚಿ ಜೋಡಿಸಲು ಬರುವುದಿಲ್ಲ. ಎಲ್ಲ ಸೇರಿ 120 ಪೌಂಡ್ ಮೀರುವಂತಿಲ್ಲ. ಶನಿವಾರ ನೋಡಲು ಹೋಗುತ್ತೇನೆ. ಏನು ನೋಡಬೇಕು? ಅಥವಾ ನೋಡುವುದೇ ಬೇಡವೇ?

ತುಂತುರುಮಳೆ ಉತ್ತರ:

ನಾನು ಲೀಡ್ಸ್‌ನಲ್ಲಿ ಆರು ಚಳಿಗಾಲ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿದ್ದೇನೆ. ನನ್ನ ಸಲಹೆ: ಬೇಡ. ನೀವು ಹೊಗಳಿದ ಆ ಹೊಳೆಯುವ ರಿಮ್ಮು ಕ್ರೋಮ್ ಲೇಪಿಸಿದ ಉಕ್ಕು. ಒಣ ರಸ್ತೆಯಲ್ಲಿ ಪರವಾಗಿಲ್ಲ, ಆದರೆ ಒದ್ದೆಯಾದರೆ ಬ್ರೇಕ್ ಹಿಡಿದ ಮೇಲೂ ಸೈಕಲ್ ಓಡುತ್ತಲೇ ಇರುತ್ತದೆ. ಒಂದು ವೃತ್ತದಲ್ಲಿ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಾನು ಕಾರಿನ ಮುಂದೆ ಜಾರಿಹೋಗಿದ್ದೇನೆ. ಇಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗೆ ರಸ್ತೆ ಒಣಗುವುದೇ ಅಪರೂಪ. ಅದೇ 120 ಪೌಂಡಿಗೆ ಹತ್ತು ವರ್ಷ ಹಳೆಯದಾದ, ನೇರ ಹ್ಯಾಂಡಲ್ಲಿನ, ಅಲ್ಯೂಮಿನಿಯಮ್ ರಿಮ್ಮಿನ ಸೈಕಲ್ ಸಿಗುತ್ತದೆ. ಅದನ್ನು ತೆಗೆದುಕೊಳ್ಳಿ.

ಹಳೇಚೈನು ಉತ್ತರ:

ತುಂತುರುಮಳೆಯವರು ರಿಮ್ಮಿನ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ. ಆದರೂ ನೋಡದೆ ಬಿಡಬೇಡಿ. ನಾನು ತಿಪಟೂರಿನವನು, ಕವೆಂಟ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಇಂಥ ಸೈಕಲ್ಲುಗಳನ್ನು ಬಿಚ್ಚಿ ಕಟ್ಟುವುದೇ ನನ್ನ ಭಾನುವಾರ. ಇಲ್ಲಿಯವರೆಗೆ ಮೂವತ್ತರ ಮೇಲೆ ಆಗಿವೆ.

ಮೊದಲು ಹಣದ ಮಾತು. 45 ಪೌಂಡ್ ಅಜ್ಜನಿಗೆ ಕೊಡುವ ಹಣ, ಅಷ್ಟೇ. ಎರಡು ಟೈರು, ಟ್ಯೂಬು, ನಾಲ್ಕು ಬ್ರೇಕ್ ರಬ್ಬರು, ತಂತಿಗಳು, ಚೈನು, ಗ್ರೀಸು ಎಂದು ನೀವೇ ಕೂತು ಮಾಡಿದರೂ ಇನ್ನೊಂದು 60ರಿಂದ 80 ಪೌಂಡ್ ಬೇಕು. ಅಂಗಡಿಗೆ ಕೊಟ್ಟರೆ ಕೂಲಿಯೇ ಸೈಕಲ್ಲಿನ ಬೆಲೆಯನ್ನು ದಾಟುತ್ತದೆ. ಕೈ ಮಸಿ ಮಾಡಿಕೊಳ್ಳಲು ಮನಸ್ಸಿಲ್ಲದಿದ್ದರೆ ಮೇಲಿನ ಸಲಹೆಯೇ ಸರಿ.

ಮನಸ್ಸಿದ್ದರೆ ಮುಂದೆ ಓದಿ. ಟೈರು ಸೀಳಿರಲಿ, ಚೈನು ತುಕ್ಕು ಹಿಡಿದಿರಲಿ, ಸೀಟು ಹರಿದಿರಲಿ, ಅವನ್ನು ತೋರಿಸಿ ಬೆಲೆ ಇಳಿಸಿ. ಫ್ರೇಮು ಮಾತ್ರ ಬೇರೆ ವಿಷಯ. ಅದರಲ್ಲಿ ದೋಷ ಕಂಡರೆ ಪುಕ್ಕಟೆ ಕೊಟ್ಟರೂ ತರಬೇಡಿ.

ಸೈಕಲ್ಲನ್ನು ಬಿಸಿಲಿಗೆ ಹೊರತರಲು ಹೇಳಿ. ಹ್ಯಾಂಡಲ್ ಕೂರುವ ಮುಂದಿನ ತಲೆಪೈಪಿಗೆ ಓರೆ ಪೈಪು ಸೇರುವ ಜಾಗದ ಹಿಂದೆ, ಕೆಳಭಾಗದಲ್ಲಿ, ಬೆರಳಾಡಿಸಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಅಲ್ಲಿ ಬಣ್ಣ ಸುಕ್ಕಾಗಿದ್ದರೆ ಅಥವಾ ಪೈಪು ಉಬ್ಬಿದ್ದರೆ ಅದು ಎಲ್ಲಿಗೋ ಎದುರಿನಿಂದ ಗುದ್ದಿದ ಸೈಕಲ್. ಪಕ್ಕಕ್ಕೆ ನಿಂತು ಫೋರ್ಕನ್ನೂ ನೋಡಿ. ಅದರ ಮೇಲ್ಭಾಗ ತಲೆಪೈಪಿನ ನೇರದಲ್ಲೇ ಇಳಿದು, ತುದಿ ಮುಂದಕ್ಕೆ ಬಾಗಿರಬೇಕು. ಮೇಲ್ಭಾಗವೇ ಹಿಂದಕ್ಕೆ ವಾಲಿದ್ದರೆ ಅದೂ ಗುದ್ದಿದ ಗುರುತೇ.

ಜೇಬಿನಲ್ಲಿ ಮೂರು ಮೀಟರ್ ದಾರ ಇಟ್ಟುಕೊಂಡು ಹೋಗಿ. ಹಿಂದಿನ ಚಕ್ರದ ಆಕ್ಸಲ್ ಕೂರುವ ಒಂದು ಕಡೆಯಿಂದ ದಾರವನ್ನು ಬಿಗಿಯಾಗಿ ಎಳೆದು, ತಲೆಪೈಪನ್ನು ಸುತ್ತಿಸಿ, ಇನ್ನೊಂದು ಕಡೆಗೆ ಕಟ್ಟಿ. ಸೀಟಿನ ಪೈಪಿನ ಎಡಕ್ಕೂ ಬಲಕ್ಕೂ ದಾರದವರೆಗಿನ ಅಂತರ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಫ್ರೇಮಿನ ಹಿಂಭಾಗ ನೇರವಾಗಿದೆ.

ಇನ್ನು ಸೀಟಿನ ಕಂಬ. ಬೋಲ್ಟು ಸಡಿಲಿಸಿ ಸೀಟನ್ನು ಎಡಬಲಕ್ಕೆ ತಿರುಗಿಸಿ. ತಿರುಗಬೇಕು, ಮೇಲೆ ಕೆಳಗೆ ಸರಿಯಬೇಕು. ಹ್ಯಾಂಡಲ್ಲಿನ ಕತ್ತೂ ಹಾಗೆಯೇ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಮ್ ಕಂಬ ವರ್ಷಗಟ್ಟಲೆ ಕೂತರೆ, ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನ ನೀರೂ ಸೇರಿ, ಎರಡು ಲೋಹ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ನಾನು ಕೊಂಡ ಮೊದಲ ಹಳೆಯ ಸೈಕಲ್ 30 ಪೌಂಡಿನ ಪ್ಯೂಜೋ. ಕಂಬ ಅಲುಗಲಿಲ್ಲ, ‘ಎಣ್ಣೆ ಬಿಟ್ಟರೆ ಬರುತ್ತದೆ’ ಎಂದುಕೊಂಡು ಮನೆಗೆ ತಂದುಬಿಟ್ಟೆ. ಎರಡು ತಿಂಗಳು ಎಣ್ಣೆ, ಬಿಸಿನೀರು, ಸುತ್ತಿಗೆ ಎಲ್ಲ ಆಯಿತು. ಕೊನೆಗೆ ಗರಗಸದ ಬ್ಲೇಡನ್ನು ಒಳಗೆ ಇಳಿಸಿ ಕುಯ್ಯಲು ಹೋಗಿ ಫ್ರೇಮನ್ನೇ ಸೀಳಿದೆ. ಆ ಸೈಕಲ್ಲನ್ನು ಗುಜರಿಗೆ ಹಾಕಿದ ದಿನ ಊಟ ಸೇರಲಿಲ್ಲ.

ಆ ಪ್ಯೂಜೋದ ಬಿ.ಬಿ. (ಬಾಟಮ್ ಬ್ರಾಕೆಟ್, ಅಂದರೆ ಪೆಡಲಿನ ಆಕ್ಸಲ್ ತಿರುಗುವ ಜಾಗ) ಕಪ್ಪುಗಳು, ಗೋಲಿಗಳು ಕೂರುವ ಬಟ್ಟಲುಗಳು, ಫ್ರೆಂಚ್ ಥ್ರೆಡ್ಡಿನವು, ಎರಡೂ ಬದಿ ಬಲಗೈ ಥ್ರೆಡ್ಡು. ಇಲ್ಲಿನ ಯಾವ ಭಾಗವೂ ಅದಕ್ಕೆ ಕೂರಲಿಲ್ಲ. ನಿಮ್ಮ ರ‍್ಯಾಲಿಯಲ್ಲೂ ಇಂಥದೊಂದು ಇದೆ. ನಾಟಿಂಗ್‌ಹ್ಯಾಮ್ ಕಾರ್ಖಾನೆಯ ಅಗ್ಗದ ಮಾದರಿಗಳಲ್ಲಿ ಬಿ.ಬಿ. ಕಪ್ಪಿನ ಥ್ರೆಡ್ಡು ಅಂಗುಲಕ್ಕೆ 26, ಉಳಿದ ಬ್ರಿಟಿಷ್ ಸೈಕಲ್ಲುಗಳಲ್ಲಿ 24. ಆದ್ದರಿಂದ ಕಪ್ಪುಗಳು ಚೆನ್ನಾಗಿದ್ದರೆ ಹೊಸ ಗೋಲಿ, ಹೊಸ ಗ್ರೀಸು ಹಾಕಿ ಅದನ್ನೇ ಉಳಿಸಿಕೊಳ್ಳಿ.

ಅಲ್ಲಿ ಯಾರಾದರೂ ‘531 ಪೈಪು’ ಎಂದು ಹೇಳಿ ಬೆಲೆ ಏರಿಸಿದರೆ ಸ್ಟಿಕ್ಕರ್ ತೋರಿಸಲು ಹೇಳಿ. ರೆನಾಲ್ಡ್ಸ್ 531 ಎಂಬುದು 1935ರಲ್ಲಿ ಬಂದ ಮ್ಯಾಂಗನೀಸ್-ಮಾಲಿಬ್ಡಿನಮ್ ಉಕ್ಕು, ಬರ್ಮಿಂಗ್‌ಹ್ಯಾಮಿನ ತಯಾರಿಕೆ, ನಿಜಕ್ಕೂ ಹಗುರ. ಸ್ಟಿಕ್ಕರ್ ಇಲ್ಲದಿದ್ದರೆ ಸಾಮಾನ್ಯ ಉಕ್ಕು ಎಂದೇ ತಿಳಿಯಿರಿ. ಕಾಲೇಜಿಗೆ ಹೋಗಲು ಅದು ಧಾರಾಳ ಸಾಕು.

ಚಕ್ರ 27 ಅಂಗುಲದ್ದೇ ಇರುತ್ತದೆ. ಈಗಿನ 700ಸಿ ಟೈರು ಅದಕ್ಕೆ ಹಿಡಿಯುವುದಿಲ್ಲ. 27ರ ರಿಮ್ಮಿಗೆ ಟೈರು ಕೂರುವ ವ್ಯಾಸ 630 ಮಿಲಿಮೀಟರ್, 700ಸಿಯದು 622. ನಮ್ಮೂರಿನ ಕಪ್ಪು ಸೈಕಲ್ಲಿನ 28ರ ಟೈರೂ ಆಗದು, ಅದು 635. ಟೈರಿನ ಮೇಲಿನ ಬರಹ ಓದಿಯೇ ಕೊಳ್ಳಿ. 27×1¼ ಇಂದಿಗೂ ಸಿಗುತ್ತದೆ.

ಇನ್ನೊಂದು ವಿಷಯ ಹೇಳದೆ ಇರಲಾರೆ. ನೀವು ಓದುತ್ತಿರುವ ಜುಬಿಲಿ ಕ್ಯಾಂಪಸ್ ಎದ್ದದ್ದು ರ‍್ಯಾಲಿ ಕಾರ್ಖಾನೆಯ ಜಾಗದಲ್ಲಿ. 1960ರಲ್ಲಿ ರ‍್ಯಾಲಿಯನ್ನು ತನ್ನೊಳಗೆ ಸೇರಿಸಿಕೊಂಡ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಂಸ್ಥೆಯೇ ಅದಕ್ಕೂ ಮೊದಲು, 1949ರಲ್ಲಿ, ಮದ್ರಾಸಿನ ಟಿ.ಐ. ಸೈಕಲ್ಸ್‌ನಲ್ಲಿ ಪಾಲುದಾರನಾಗಿತ್ತು. ನನ್ನ ತಂದೆ ಮೂವತ್ತು ವರ್ಷ ತುಳಿದ ಹರ್ಕ್ಯುಲೀಸ್ ಅಲ್ಲಿನದು. ನಿಮ್ಮ ಸೈಕಲ್ಲಿನ ಬಿ.ಬಿ. ಚಿಪ್ಪಿನ ಅಡಿಯಲ್ಲಿ ಅಥವಾ ಸೀಟಿನ ಪೈಪಿನ ಹತ್ತಿರ ಫ್ರೇಮ್ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು, ಹಣ ಕೊಡುವ ಮೊದಲು ಬೈಕ್‌ರಿಜಿಸ್ಟರ್ ತಾಣದಲ್ಲಿ ಕಳವಿನ ಪಟ್ಟಿಗೆ ಸೇರಿದೆಯೇ ನೋಡಿ.

ಉಣಕಲ್ಲು ಉತ್ತರ:

ನಮ್ಮ ತಂದೆಗೆ ಹುಬ್ಬಳ್ಳಿಯಲ್ಲಿ ಸೈಕಲ್ ಶಾಪ್ ಇತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತು ಪಂಕ್ಚರ್ ಹಾಕಿದವಳು. ಮೇಲಿನವರು ಒಂದನ್ನು ಬಿಟ್ಟಿದ್ದಾರೆ: ಕಾಟರ್ ಪಿನ್, ಅಂದರೆ ಕ್ರಾಂಕನ್ನು (ಪೆಡಲ್ ಹಿಡಿದಿರುವ ತೋಳನ್ನು) ಆಕ್ಸಲ್ಲಿಗೆ ಬಿಗಿಯುವ ಬೆಣೆ. ಆ ಕಾಲದ ಅಗ್ಗದ ರೋಡ್ ಸೈಕಲ್ಲುಗಳಲ್ಲಿ ಪೆಡಲಿನ ಕ್ರಾಂಕು ನಮ್ಮ ಊರಿನ ಸೈಕಲ್ಲಿನಂತೆ ಕಾಟರ್ ಪಿನ್ನಿನ ಮೇಲೆಯೇ ನಿಂತಿರುತ್ತದೆ. ಪೆಡಲು ಒಂದು ಸುತ್ತು ಬರುವಾಗ ಒಂದು ಸಲ ‘ಟಕ್’ ಎಂದು ಕಾಲಿಗೆ ತಾಗಿದರೆ ಪಿನ್ನು ಸವೆದಿದೆ ಎಂದು ಅರ್ಥ. ಹಾಗೆಯೇ ತುಳಿಯುತ್ತಾ ಹೋದರೆ ಆಕ್ಸಲ್ಲಿನ ಕಚ್ಚೂ ಸವೆದು ಖರ್ಚು ಹೆಚ್ಚುತ್ತದೆ.

ಬಿಚ್ಚುವಾಗ ಗಮನ ಇರಲಿ. ಸುಮ್ಮನೆ ಸುತ್ತಿಗೆಯಿಂದ ಹೊಡೆದರೆ ಏಟು ಬಿ.ಬಿ. ಗೋಲಿಗಳಿಗೆ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ. ತಂದೆ ಕ್ರಾಂಕಿನ ಕೆಳಗೆ ಒಂದು ಗಟ್ಟಿ ಕಬ್ಬಿಣದ ಪೈಪನ್ನು ನೆಲಕ್ಕೆ ಊರಿ ನಿಲ್ಲಿಸಿ, ಪಿನ್ನಿನ ತುದಿ ಪೈಪಿನ ತೂತಿನೊಳಗೆ ಇಳಿಯುವಂತೆ ಒಂದೇ ಏಟು ಹಾಕುತ್ತಿದ್ದರು. ಹತ್ತು ಸಣ್ಣ ಏಟು ಹಾಕಿದರೆ ಪಿನ್ನಿನ ಥ್ರೆಡ್ಡು ಅಣಬೆಯಂತೆ ಅರಳಿಬಿಡುತ್ತದೆ. ಬ್ರಿಟಿಷ್ ಸೈಕಲ್ಲಿನ ಪಿನ್ನು ಒಂಬತ್ತೂವರೆ ಮಿಲಿಮೀಟರಿನದು. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ.

ಕುಂದವಾಡಕೆರೆ ಬರೆದದ್ದು:

ಹಳೇಚೈನು ಸರ್, ಉಣಕಲ್ಲು ಅಕ್ಕ, ನೀವಿಬ್ಬರೂ ಹೇಳಿದ್ದನ್ನೆಲ್ಲ ಕೈಬರಹದಲ್ಲಿ ಬರೆದುಕೊಂಡು ಹೋದೆ. ದಾರ ಕಟ್ಟುವಾಗ ಅಜ್ಜ ತಾವೇ ಒಂದು ತುದಿ ಹಿಡಿದುಕೊಂಡರು. ಅವರ ಹೆಂಡತಿ ಓಡಿಸುತ್ತಿದ್ದ ಸೈಕಲ್ ಅಂತೆ. ಅವರು ತೀರಿಹೋಗಿ ನಾಲ್ಕು ವರ್ಷ, ಸೈಕಲ್ ಶೆಡ್ಡಿಗೆ ಸೇರಿ ಅದಕ್ಕಿಂತ ಹೆಚ್ಚು.

ದಾರದ ಎರಡೂ ಬದಿಯ ಅಂತರದಲ್ಲಿ ಒಂದು ಮಿಲಿಮೀಟರಿನಷ್ಟು ವ್ಯತ್ಯಾಸ. ಓರೆ ಪೈಪಿನ ಅಡಿ ನುಣುಪಾಗಿದೆ, ಫೋರ್ಕೂ ಸರಿಯಾಗಿದೆ. ಸೀಟಿನ ಕಂಬ ಮೊದಲು ಅಲುಗದೆ ಎದೆ ಝಲ್ ಎಂದಿತು, ಎರಡನೆಯ ಸಲ ಕಿರ್ ಎಂದು ತಿರುಗಿತು. ಪೈಪಿಗೆ ಕಾಲು ಹಾಯಿಸಿ ನಿಂತರೆ ಒಂದೂವರೆ ಬೆರಳು ಜಾಗ ಉಳಿಯುತ್ತದೆ. ಫ್ರೇಮ್ ಸಂಖ್ಯೆ ಕಳವಿನ ಪಟ್ಟಿಯಲ್ಲಿಲ್ಲ.

ಕೆಟ್ಟ ಸುದ್ದಿಯೂ ಇದೆ. ಟೈರಿನ ಪಕ್ಕವೆಲ್ಲ ಬಿರುಕು. ಎಡಗಡೆ ಕ್ರಾಂಕು ಅಕ್ಕ ಹೇಳಿದಂತೆಯೇ ‘ಟಕ್’ ಎನ್ನುತ್ತದೆ. ಮುಂದಿನ ಚಕ್ರ ಬೆಂಡ್ ಆಗಿದೆ, ರಿಮ್ಮಿನ ಒಂದು ಕಡೆ ಕ್ರೋಮ್ ಎದ್ದಿದೆ. ಚೈನಿನ ಹನ್ನೆರಡು ಜೋಡಿ ಕೊಂಡಿ ಅಳೆದರೆ ಹನ್ನೆರಡೂ ಕಾಲು ಅಂಗುಲ ಬರುತ್ತದೆ. ಹನ್ನೆರಡೇ ಇರಬೇಕು ಎಂದು ಎಲ್ಲೋ ಓದಿದ್ದೆ. ಇದನ್ನೆಲ್ಲ ಹೇಳಿದಾಗ ಅಜ್ಜ 30 ಪೌಂಡಿಗೆ ಇಳಿಸಿದರು. ನಾಳೆ ಸಂಜೆಯವರೆಗೆ ಕಾಯುತ್ತೇನೆ ಎಂದಿದ್ದಾರೆ. ಕೊಳ್ಳಲೇ? ಕೊಂಡರೆ ಉಳಿದ 90 ಪೌಂಡನ್ನು ಯಾವುದಕ್ಕೆ ಮೊದಲು ಹಾಕಲಿ?

ಹಳೇಚೈನು ಉತ್ತರ:

ಕೊಳ್ಳಿ. ನೀವು ಬರೆದ ಕೆಟ್ಟ ಸುದ್ದಿಯೆಲ್ಲ ಬದಲಿಸಬಹುದಾದದ್ದೇ.

ಮೊದಲ ಹಣ ಮುಂದಿನ ಚಕ್ರಕ್ಕೆ. ಬೆಂಡ್ ತೆಗೆಸಲು ಹೋಗಬೇಡಿ, ಅಲ್ಯೂಮಿನಿಯಮ್ ರಿಮ್ಮಿನ 27ರ ಚಕ್ರವೊಂದನ್ನು ಹಾಕಿ. ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಬ್ರೇಕಿನದು, ತುಂತುರುಮಳೆಯವರ ಆಕ್ಷೇಪಕ್ಕೆ ಅಲ್ಲಿಗೆ ಮುಕ್ಕಾಲು ಉತ್ತರ ಸಿಗುತ್ತದೆ. 27ರದ್ದು ಸಿಗದಿದ್ದರೆ 700ಸಿಯೂ ನಡೆಯುತ್ತದೆ, ಆದರೆ ರಿಮ್ಮು ನಾಲ್ಕು ಮಿಲಿಮೀಟರ್ ಕೆಳಗಿಳಿಯುತ್ತದೆ. ಬ್ರೇಕಿನ ರಬ್ಬರನ್ನು ಅಷ್ಟು ಕೆಳಗೆ ಸರಿಸಲು ಸೀಳಿನಲ್ಲಿ ಜಾಗವಿದೆಯೇ ಎಂದು ಮೊದಲು ಅಳೆಯಿರಿ. ಹಿಂದಿನ ಉಕ್ಕಿನ ರಿಮ್ಮಿಗೆ ಕೂಲ್ ಸ್ಟಾಪ್‌ನ ಕಿತ್ತಳೆ-ಗುಲಾಬಿ ಬಣ್ಣದ ರಬ್ಬರು ಹಾಕಿ, ಒದ್ದೆಯಲ್ಲಿ ಕಪ್ಪು ರಬ್ಬರಿಗಿಂತ ವಾಸಿ.

ಆಮೇಲೆ ಟೈರು ಎರಡೂ, ಬ್ರೇಕ್ ತಂತಿ ಎರಡೂ, ಕಾಟರ್ ಪಿನ್ ಎರಡೂ. ಹ್ಯಾಂಡಲ್ಲಿನ ಮೇಲ್ಭಾಗದಲ್ಲಿ ಹೆಚ್ಚುವರಿ ಬ್ರೇಕ್ ಲಿವರುಗಳಿದ್ದರೆ ಅವನ್ನು ನಂಬಬೇಡಿ. ಅವು ಬಾಗುತ್ತವೆಯೇ ಹೊರತು ತಂತಿಯನ್ನು ಪೂರ್ತಿ ಎಳೆಯುವುದಿಲ್ಲ.

ಚೈನಿಗೆ ಈಗ ಒಂದು ಪೆನ್ನಿಯೂ ಬೇಡ. ಅದು ಅಷ್ಟು ಹಿಗ್ಗಿದೆ ಎಂದರೆ ಫ್ರೀವೀಲಿನ ಹಲ್ಲೂ ಅದರ ಜೊತೆಗೇ ಸವೆದಿದೆ. ಹೊಸ ಚೈನು ಸವೆದ ಹಲ್ಲಿನ ಮೇಲೆ ಹಾರುತ್ತದೆ. ಎರಡೂ ಒಟ್ಟಿಗೆ ಹಳೆಯದಾಗಿವೆ, ಒಟ್ಟಿಗೇ ಬದಲಿಸಬೇಕು. ಎಣ್ಣೆ ಬಿಟ್ಟು ಬೇಸಿಗೆಯವರೆಗೆ ಓಡಿಸಿ.

ತುಂತುರುಮಳೆ ಉತ್ತರ:

ಮುಂದೆ ಅಲ್ಯೂಮಿನಿಯಮ್ ಚಕ್ರ ಹಾಕುವುದಾದರೆ ನನ್ನ ವಿರೋಧವಿಲ್ಲ. ದೀಪದ ಹಣ ತೆಗೆದಿಟ್ಟುಕೊಳ್ಳಿ. ಮುಂದೆ ಬಿಳಿ, ಹಿಂದೆ ಕೆಂಪು, ಕತ್ತಲಾದ ಮೇಲೆ ಕಾನೂನಿನ ಪ್ರಕಾರ ಎರಡೂ ಕಡ್ಡಾಯ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು.

ಕುಂದವಾಡಕೆರೆ ಬರೆದದ್ದು:

ಸೈಕಲ್ ಕೊಂಡು ತಂದೆ. ಅಜ್ಜ ಗಾಳಿ ಪಂಪನ್ನೂ, ಒಂದು ಡಬ್ಬಿ ತುಂಬ ಸ್ಪ್ಯಾನರುಗಳನ್ನೂ ಹಾಗೆಯೇ ಕೊಟ್ಟರು. ಪೆಡಲ್ ಬಿಚ್ಚಿ ಗ್ರೀಸ್ ಹಾಕೋಣವೆಂದು ಕೂತಿದ್ದೇನೆ. ಬಲಗಡೆಯದು ಬಂತು. ಎಡಗಡೆಯದು ಅರ್ಧ ಗಂಟೆಯಿಂದ ಅಲುಗುತ್ತಿಲ್ಲ.

ಉಣಕಲ್ಲು ಉತ್ತರ:

ನಿಲ್ಲಿಸು ತಂಗಿ, ನೀನು ಬಿಗಿ ಮಾಡುತ್ತಿದ್ದೀಯ. ಎಡ ಪೆಡಲಿನದು ಉಲ್ಟಾ ಥ್ರೆಡ್ಡು. ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದರೆ ಬಿಚ್ಚುತ್ತದೆ.