ಇಂಟರ್‌ನ್ಯಾಷನಲ್ ಸ್ವಿಮ್ಮಿಂಗ್ ಲೀಗ್: ಡ್ರೆಸೆಲ್ ಇದ್ದೂ ಕ್ಯಾಲಿ ಕಾಂಡರ್ಸ್ 2019ರಲ್ಲಿ ಮೂರನೇ ಸ್ಥಾನಕ್ಕೆ ನಿಂತದ್ದು ಹೇಗೆ?

ರಘು_ಶಿವಮೊಗ್ಗ (ಪ್ರಶ್ನೆ)

ನಾನು ಕೇಳುತ್ತಿರುವುದು ಫುಟ್‌ಬಾಲಿನ ಐಎಸ್‌ಎಲ್ ಬಗ್ಗೆ ಅಲ್ಲ, ಈಜಿನ ಐಎಸ್‌ಎಲ್ ಬಗ್ಗೆ. 2019ರ ಡಿಸೆಂಬರ್ 20 ಮತ್ತು 21ರಂದು ಲಾಸ್ ವೇಗಸ್‌ನಲ್ಲಿ ನಡೆದ ಮೊದಲ ಸೀಸನ್ನಿನ ಫೈನಲ್ ವಿಡಿಯೊಗಳನ್ನು ನೋಡುತ್ತಿದ್ದೇನೆ. ಕ್ಲಬ್ಬುಗಳ ಅಂಕ ಹೀಗೆ: ಎನರ್ಜಿ ಸ್ಟ್ಯಾಂಡರ್ಡ್ 453.5, ಲಂಡನ್ ರೋರ್ 444, ಕ್ಯಾಲಿ ಕಾಂಡರ್ಸ್ 415.5. ಎಲ್‌ಎ ಕರೆಂಟ್ ಕೊನೆಗೆ. ಕಾಂಡರ್ಸ್ ಕಡೆ ಅಮೆರಿಕದ ವೇಗದ ಈಜುಗಾರ ಕೇಲಬ್ ಡ್ರೆಸೆಲ್ ಇದ್ದರು, ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಲಿಲ್ಲಿ ಕಿಂಗ್ ಇದ್ದರು. ಅದೇ ಫೈನಲ್‌ನಲ್ಲಿ ಡ್ರೆಸೆಲ್ 50 ಮೀಟರ್ ಫ್ರೀಸ್ಟೈಲನ್ನು 20.24ರಲ್ಲಿ ಮುಗಿಸಿ ವಿಶ್ವದಾಖಲೆಯನ್ನೇ ಮಾಡಿದರು. ಹಾಗಿದ್ದೂ ಗೆದ್ದವರಿಗಿಂತ 38 ಅಂಕ ಹಿಂದೆ ಬಿದ್ದದ್ದು ಯಾಕೆ?

ಅಂಕದ ಲೆಕ್ಕ ಹೇಗೆ, ಯಾರನ್ನು ಎಲ್ಲಿ ಇಳಿಸಬೇಕೆಂದು ಕೋಚ್‌ಗಳು ಹೇಗೆ ತೀರ್ಮಾನಿಸುತ್ತಾರೆ, ಕೊನೆಯಲ್ಲಿ ಬರುವ ಸ್ಕಿನ್ಸ್ ರೇಸ್ ಅಂದರೆ ಏನು, ಗೊತ್ತಿರುವವರು ಬಿಡಿಸಿ ಹೇಳಿ. 453.5ರಲ್ಲಿ ಆ ಅರ್ಧ ಅಂಕ ಎಲ್ಲಿಂದ ಬಂತು ಅನ್ನುವುದೂ ತಿಳಿಯಲಿಲ್ಲ.

ಸ್ಟಾಪ್‌ವಾಚ್

ರಘು ಅವರೇ, ಅರ್ಧ ಅಂಕದ್ದು ಸುಲಭ. ಇಬ್ಬರು ಒಂದೇ ಸಮಯದಲ್ಲಿ ಮುಟ್ಟಿದರೆ ಆ ಎರಡು ಸ್ಥಾನಗಳ ಅಂಕ ಕೂಡಿಸಿ ಸಮನಾಗಿ ಹಂಚುತ್ತಾರೆ. ಎರಡು ಮತ್ತು ಮೂರನೇ ಸ್ಥಾನಕ್ಕೆ ಟೈ ಆದರೆ 7 ಮತ್ತು 6 ಸೇರಿ 13, ಒಬ್ಬೊಬ್ಬರಿಗೆ 6.5.

ಉಳಿದದ್ದು ನಿಧಾನವಾಗಿ ನೋಡಬೇಕಾದ ವಿಷಯ. ಒಂದು ಪಂದ್ಯದಲ್ಲಿ ನಾಲ್ಕು ಕ್ಲಬ್, ಪ್ರತಿ ಸ್ಪರ್ಧೆಗೆ ಕ್ಲಬ್ಬಿಗೆ ಇಬ್ಬರು, ಒಟ್ಟು ಎಂಟು ಲೇನ್. ಹೀಟ್ಸ್ (ಅರ್ಹತಾ ಸುತ್ತು) ಇಲ್ಲ, ನೇರ ಫೈನಲ್. ಮೊದಲನೆಯವರಿಂದ ಎಂಟನೆಯವರವರೆಗೆ ಕ್ರಮವಾಗಿ 9, 7, 6, 5, 4, 3, 2, 1. ರಿಲೇಗೆ ಇದರ ದುಪ್ಪಟ್ಟು, 18ರಿಂದ 2ರವರೆಗೆ. ರಿಲೇಯಲ್ಲೂ ಪ್ರತಿ ಕ್ಲಬ್ ಎರಡು ತಂಡ ಇಳಿಸಬೇಕು.

ಈಗ ಒಂದು ರೇಸ್ ತೆಗೆದುಕೊಳ್ಳಿ. ಒಂದು ಕ್ಲಬ್ಬಿನ ಸ್ಟಾರ್ ಗೆದ್ದರು, ಅವರ ಜೊತೆಗಾರ ಕೊನೆಗೆ ಬಂದರು: 9 + 1 = 10. ಎದುರಾಳಿ ಕ್ಲಬ್ಬಿನವರು ಎರಡು ಮತ್ತು ಮೂರನೆಯವರಾದರು: 13. ಕ್ಯಾಮೆರಾ ಇರುವುದು ಗೆದ್ದವರ ಮೇಲೆ, ಮೂರು ಅಂಕದ ಮುನ್ನಡೆ ಸಿಕ್ಕಿದ್ದು ಇನ್ನೊಬ್ಬರಿಗೆ. ಇದೇ ಹತ್ತು ಸಲ ಆದರೆ 30 ಅಂಕ. ಕಾಂಡರ್ಸ್‌ಗೂ ಎನರ್ಜಿ ಸ್ಟ್ಯಾಂಡರ್ಡ್‌ಗೂ ಇದ್ದ ವ್ಯತ್ಯಾಸದ ಬಹುಪಾಲು ಅಷ್ಟರಲ್ಲೇ ಮುಗಿಯಿತು.

2019ರಲ್ಲಿ ಒಟ್ಟು 37 ಸ್ಪರ್ಧೆ. ಪುರುಷರಿಗೆ 15, ಮಹಿಳೆಯರಿಗೆ 15 ವೈಯಕ್ತಿಕ, ಐದು ರಿಲೇ, ಎರಡು ಸ್ಕಿನ್ಸ್. ವೈಯಕ್ತಿಕ ಸ್ಪರ್ಧೆಗಳಲ್ಲಿ ಒಂದೊಂದಕ್ಕೆ 37 ಅಂಕದಂತೆ 1,110 ಅಂಕ ಹಂಚಿಕೆಯಾಗುತ್ತದೆ, ರಿಲೇಗಳಲ್ಲಿ 370. ಡ್ರೆಸೆಲ್ ಎಷ್ಟೇ ದೊಡ್ಡ ಈಜುಗಾರನಾದರೂ ಮಹಿಳೆಯರ 15 ಸ್ಪರ್ಧೆ ಅವರ ಕೈಯಲ್ಲಿಲ್ಲ, ಪುರುಷರದ್ದರಲ್ಲೂ ಎರಡು ದಿನದಲ್ಲಿ ಕೆಲವನ್ನಷ್ಟೇ ಈಜಲು ಸಾಧ್ಯ. ಹೆಣ್ಣು ಗಂಡು ಇಬ್ಬರ ಅಂಕಕ್ಕೂ ಒಂದೇ ತೂಕ ಇರುವುದು ಈ ಲೀಗಿನ ಅತ್ಯುತ್ತಮ ನಿಯಮ ಎಂದು ನನ್ನ ಅಭಿಪ್ರಾಯ. ಎನರ್ಜಿ ಸ್ಟ್ಯಾಂಡರ್ಡ್‌ಗೆ ಸ್ವೀಡನ್ನಿನ ಸಾರಾ ಶೋಸ್ಟ್ರೋಮ್ ಯಾಕೆ ಅಷ್ಟು ಬೆಲೆಬಾಳುತ್ತಿದ್ದರು ಅನ್ನುವುದು ಅದರಿಂದಲೇ ಅರ್ಥವಾಗುತ್ತದೆ. ಫ್ರೀಸ್ಟೈಲ್, ಬಟರ್‌ಫ್ಲೈ, ರಿಲೇ, ಸ್ಕಿನ್ಸ್, ಎಲ್ಲ ಕಡೆಯೂ ಅವರಿಂದ ಅಂಕ ಬರುತ್ತಿತ್ತು.

ಇನ್ನೊಂದು ಮಾತು. ಎನರ್ಜಿ ಸ್ಟ್ಯಾಂಡರ್ಡ್ ಫೈನಲ್‌ಗೆಂದು ಜಪಾನಿನ ದಾಯಾ ಸೆಟೊ ಅವರನ್ನು ಕರೆಸಿಕೊಂಡಿತು. ಅವರು 400 ಮೀಟರ್ ವೈಯಕ್ತಿಕ ಮೆಡ್ಲಿಯನ್ನು (ನಾಲ್ಕೂ ಸ್ಟ್ರೋಕ್ ಒಬ್ಬರೇ ಈಜುವ ಸ್ಪರ್ಧೆ) 3:54.81ರಲ್ಲಿ, ವಿಶ್ವದಾಖಲೆ ಸಮಯದಲ್ಲಿ ಗೆದ್ದರು. ಲಂಡನ್ ರೋರ್ ಸೋತದ್ದು 9.5 ಅಂಕದಿಂದ, ಒಂದು ಗೆಲುವಿಗೆ 9. ಉದ್ದದ ಮೆಡ್ಲಿ ಈಜುವವರು ಯಾವ ಕ್ಲಬ್ಬಿನಲ್ಲೂ ಕಡಿಮೆ. ಕೊರತೆ ಇರುವ ಜಾಗಕ್ಕೆ ಸರಿಯಾದವರನ್ನು ತಂದರು.

ಸುಮಾ_ಮಂಗಳೂರು

ಸ್ಟಾಪ್‌ವಾಚ್ ಸರ್ ಹೇಳಿದ್ದಕ್ಕೆ ತಂಡದ ಪಟ್ಟಿಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಪಂದ್ಯಕ್ಕೆ ಒಂದು ಕ್ಲಬ್ ತುಂಬಬೇಕಾದ ಜಾಗಗಳನ್ನು ಎಣಿಸಿ. 30 ವೈಯಕ್ತಿಕ ಸ್ಪರ್ಧೆಗೆ ಇಬ್ಬಿಬ್ಬರಂತೆ 60. ಐದು ರಿಲೇಗೆ ಎರಡೆರಡು ತಂಡ, ತಂಡಕ್ಕೆ ನಾಲ್ವರು, ಅಲ್ಲಿ 40. ಸ್ಕಿನ್ಸ್‌ಗೆ 4. ಒಟ್ಟು 104. ಇದಕ್ಕೆ ಇರುವವರು ಇಪ್ಪತ್ತೈದು ಮೂವತ್ತು ಜನ. ಅಂದರೆ ಎರಡು ದಿನದಲ್ಲಿ ಒಬ್ಬೊಬ್ಬರು ಸರಾಸರಿ ನಾಲ್ಕು ಸಲ ಕೊಳಕ್ಕೆ ಇಳಿಯಬೇಕು. ದಿನಕ್ಕೆ ಎರಡು ಗಂಟೆಯ ಕೂಟ, ಸ್ಪರ್ಧೆಗಳು ಒಂದರ ಹಿಂದೆ ಒಂದು. ಕೋಚ್ ಮೊದಲು ನೋಡುವುದು ಯಾರು ಎಷ್ಟು ವೇಗ ಎಂದಲ್ಲ, ಯಾವ ಎರಡು ಸ್ಪರ್ಧೆಗಳ ನಡುವೆ ಎಷ್ಟು ನಿಮಿಷ ಇದೆ ಎಂದು. 200 ಬಟರ್‌ಫ್ಲೈ ಈಜಿದವರಿಗೆ ಹತ್ತು ನಿಮಿಷದಲ್ಲಿ ಮತ್ತೆ 100 ಮೀಟರ್ ಕೊಟ್ಟರೆ ಕಾಲು ಏಳುವುದಿಲ್ಲ. ಗೆಲ್ಲಬೇಕಾದಲ್ಲಿ ನಾಲ್ಕನೆಯವರಾಗುತ್ತಾರೆ, ಅಲ್ಲಿಗೆ ನಾಲ್ಕು ಅಂಕ ಹೋಯಿತು. ಅದೇ ಜಾಗಕ್ಕೆ ದಣಿಯದ ಎರಡನೇ ಸಾಲಿನ ಈಜುಗಾರನನ್ನು ಹಾಕಿದರೂ ಆ 5 ಅಂಕ ಸಿಗುತ್ತಿತ್ತು, ಸ್ಟಾರ್ ರಿಲೇಗೆ ಉಳಿಯುತ್ತಿದ್ದರು.

ರಿಲೇಯಲ್ಲಿ ಕೋಚ್‌ಗಳಿಗೆ ಯಾವಾಗಲೂ ಒಂದೇ ತಲೆನೋವು. ಒಳ್ಳೆಯ ನಾಲ್ವರನ್ನು ಎ ತಂಡಕ್ಕೇ ಹಾಕಬೇಕೋ, ಇಬ್ಬರನ್ನು ಬಿ ತಂಡಕ್ಕೆ ಕೊಡಬೇಕೋ? ಎ ಗೆದ್ದು ಬಿ ಎಂಟನೆಯದಾದರೆ 18 + 2 = 20. ಸಮವಾಗಿ ಹಂಚಿ ಮೂರು ಮತ್ತು ನಾಲ್ಕನೇ ಸ್ಥಾನ ಬಂದರೆ 12 + 10 = 22. ಆದರೆ ಎ ಗೆದ್ದು ಬಿ ಆರನೆಯದಾದರೆ 24. ಹಾಗಾಗಿ ನಿರ್ಧಾರ ನಿಂತಿರುವುದು ನಿಮ್ಮ ಐದರಿಂದ ಎಂಟನೇ ಈಜುಗಾರರು ಉಳಿದ ಕ್ಲಬ್ಬುಗಳ ಬಿ ತಂಡವನ್ನು ಹಿಂದೆ ಹಾಕುತ್ತಾರೋ ಇಲ್ಲವೋ ಎನ್ನುವುದರ ಮೇಲೆ. ಲಂಡನ್ ರೋರ್‌ನಲ್ಲಿ ಕೇಟ್ ಮತ್ತು ಬ್ರಾಂಟಿ ಕ್ಯಾಂಪ್‌ಬೆಲ್, ಎಮ್ಮಾ ಮೆಕಿಯಾನ್, ಕೈಲ್ ಚಾಲ್ಮರ್ಸ್ ಅಂಥ ಆಸ್ಟ್ರೇಲಿಯನ್ನರು ಸಾಲುಸಾಲಾಗಿ ಇದ್ದರು. ಅವರು ಎನರ್ಜಿ ಸ್ಟ್ಯಾಂಡರ್ಡ್ ಬೆನ್ನಿಗೆ ಕೊನೆಯವರೆಗೂ ಅಂಟಿಕೊಂಡದ್ದು ಆ ಆಳದಿಂದ.

ರಿಲೇಯಲ್ಲಿ ಕೆಡುವುದು ಸಾಮಾನ್ಯವಾಗಿ ಬದಲಾವಣೆಯ ಹೊತ್ತಿನಲ್ಲಿ. ಬರುವವರ ಕೈ ಗೋಡೆಯ ಪ್ಯಾಡ್ ಮುಟ್ಟುವುದಕ್ಕೂ ಹೋಗುವವರ ಕಾಲು ಬ್ಲಾಕ್ (ಹಾರುವ ಕಟ್ಟೆ) ಬಿಡುವುದಕ್ಕೂ ಇರುವ ಅಂತರವನ್ನು ಯಂತ್ರ ಅಳೆಯುತ್ತದೆ. ಮೈನಸ್ 0.03 ಸೆಕೆಂಡಿನವರೆಗೆ ವಿನಾಯಿತಿ, ಅದಕ್ಕಿಂತ ಮುಂಚೆ ಹಾರಿದರೆ ತಂಡವೇ ಅನರ್ಹ. 0.10ರಿಂದ 0.20 ಒಳಗೆ ಬಂದರೆ ಚೆನ್ನಾದ ಬದಲಾವಣೆ. 0.40 ಆದರೆ ನಿದ್ದೆ ಮಾಡಿದಂತೆ. ಹೋಗುವವರು ನೋಡಬೇಕಾದದ್ದು ಬರುವವರ ತಲೆಯನ್ನಲ್ಲ, ಕೊನೆಯ ಕೈ ಬೀಸನ್ನು. ಕೊನೆಯ ಬೀಸು ಗೋಡೆಗೆ ಸರಿಯಾಗಿ ಕೂಡದೆ ಬರುವವರು ತೇಲಿಕೊಂಡು ಬಂದರೆ ಹೋಗುವವರ ಅಂದಾಜು ತಪ್ಪುತ್ತದೆ. ಅನರ್ಹತೆ ಹೆಚ್ಚಾಗಿ ಆಗುವುದು ಹಾಗೆ. ದೋಷ ಹಾರಿದವರ ಹೆಸರಿಗೆ ಬೀಳುತ್ತದೆ, ಕಾರಣ ಬರುವವರ ಮುಗಿಸುವ ರೀತಿ. ಐಎಸ್‌ಎಲ್‌ನಲ್ಲಿ ಅನರ್ಹರಾದರೆ ಸ್ಥಾನದ ಅಂಕ ಹೋಗುವುದಲ್ಲದೆ ಮೈನಸ್ ಅಂಕವೂ ಬೀಳುತ್ತಿತ್ತು. ಅದಕ್ಕೇ ಮುನ್ನಡೆಯಲ್ಲಿದ್ದ ಕ್ಲಬ್ಬು ಸುರಕ್ಷಿತ ಬದಲಾವಣೆಯನ್ನೇ ಮಾಡಿಸುವುದು ಜಾಣತನ.

ರಘು_ಶಿವಮೊಗ್ಗ

ಇಬ್ಬರಿಗೂ ಧನ್ಯವಾದ. 104 ಜಾಗದ ಲೆಕ್ಕ ನೋಡಿದ ಮೇಲೆ ಪಟ್ಟಿಯೇ ಬೇರೆಯಾಗಿ ಕಾಣುತ್ತಿದೆ. ಸ್ಕಿನ್ಸ್ ಬಗ್ಗೆ ಯಾರಾದರೂ ಬರೆಯಿರಿ. ಜೊತೆಗೆ, ಇಲ್ಲಿನ ಸಮಯಗಳು ಒಲಿಂಪಿಕ್ಸ್‌ಗಿಂತ ಅಷ್ಟು ಕಡಿಮೆ ಯಾಕೆ?

ಡಾಲ್ಫಿನ್‌ಕಿಕ್

ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಸ್ಕಿನ್ಸ್ ಅರ್ಥವಾಗಲು ಅದು ಬೇಕು.

ಐಎಸ್‌ಎಲ್ ನಡೆದದ್ದು 25 ಮೀಟರ್ ಕೊಳದಲ್ಲಿ, ಒಲಿಂಪಿಕ್ಸ್ 50 ಮೀಟರ್ ಕೊಳದಲ್ಲಿ. 100 ಮೀಟರ್ ರೇಸಿಗೆ ಒಲಿಂಪಿಕ್ಸ್‌ನಲ್ಲಿ ಒಂದೇ ಟರ್ನ್, ಇಲ್ಲಿ ಮೂರು. ಪ್ರತಿ ಗೋಡೆಯನ್ನು ಒದ್ದು ಹೊರಟಾಗ ಬರುವ ವೇಗ ಮೇಲ್ಮೈಯಲ್ಲಿ ಈಜುವ ವೇಗಕ್ಕಿಂತ ಹೆಚ್ಚು. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈಗಳಲ್ಲಿ ಗೋಡೆಯಿಂದ 15 ಮೀಟರ್‌ವರೆಗೆ ನೀರೊಳಗೇ ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಒದೆಯುವುದು) ಹೊಡೆಯಲು ನಿಯಮದ ಅನುಮತಿ ಇದೆ. 25 ಮೀಟರ್ ಕೊಳದಲ್ಲಿ ಪ್ರತಿ ಸಲ 15 ಮೀಟರ್ ಬಳಸಿಕೊಂಡವರು ರೇಸಿನ ಅರ್ಧಕ್ಕಿಂತ ಹೆಚ್ಚನ್ನು ನೀರೊಳಗೇ ಮುಗಿಸಿರುತ್ತಾರೆ. ಡ್ರೆಸೆಲ್ ಅವರದ್ದೇ ಸಮಯ ನೋಡಿ. 100 ಮೀಟರ್ ಬಟರ್‌ಫ್ಲೈ 50 ಮೀಟರ್ ಕೊಳದಲ್ಲಿ 49.45, ಟೋಕಿಯೊ ಒಲಿಂಪಿಕ್ಸ್‌ನ ಚಿನ್ನ. 25 ಮೀಟರ್ ಕೊಳದಲ್ಲಿ 47.78, 2020ರ ನವೆಂಬರಿನಲ್ಲಿ ಬುಡಾಪೆಸ್ಟ್‌ನ ಐಎಸ್‌ಎಲ್ ಫೈನಲ್‌ನಲ್ಲಿ. ಅದೇ ಮನುಷ್ಯ, ಅದೇ ಸ್ಟ್ರೋಕ್, 1.67 ಸೆಕೆಂಡ್ ವ್ಯತ್ಯಾಸ. ನಮ್ಮಲ್ಲಿ ಶ್ರೀಹರಿ ನಟರಾಜ್ ಟೋಕಿಯೊಗೆ ಅರ್ಹತೆ ಪಡೆದ 100 ಬ್ಯಾಕ್‌ಸ್ಟ್ರೋಕ್‌ನ 53.77 ಸಹ 50 ಮೀಟರ್ ಕೊಳದ್ದು. ಅದನ್ನು ಐಎಸ್‌ಎಲ್ ಫಲಿತಾಂಶದ ಪಕ್ಕದಲ್ಲಿಟ್ಟು ಹೋಲಿಸಬಾರದು.

ಈಗ ಸ್ಕಿನ್ಸ್. 50 ಮೀಟರ್, ಮೂರು ಸುತ್ತು, ಒಂದು ಸ್ಟಾರ್ಟ್‌ನಿಂದ ಇನ್ನೊಂದಕ್ಕೆ ಮೂರು ನಿಮಿಷ. ಮೊದಲ ಸುತ್ತಿಗೆ ಎಂಟು ಜನ, ನಾಲ್ವರು ಉಳಿಯುತ್ತಾರೆ, ಕೊನೆಗೆ ಇಬ್ಬರು. ಪ್ರತಿ ಸುತ್ತಿಗೂ ಅಂಕ ಇರುವುದರಿಂದ ಇದೊಂದೇ ರೇಸಿನಲ್ಲಿ ಪಂದ್ಯ ತಿರುಗಬಹುದು, ಅದೂ ಎರಡನೇ ದಿನದ ಕೊನೆಯಲ್ಲಿ.

ಮೂರು ನಿಮಿಷ ಎನ್ನುವುದೇ ಇಲ್ಲಿನ ಕಿತಾಪತಿ. ಈಜಿ, ಕೊಳದಿಂದ ಎದ್ದು, ಬ್ಲಾಕ್ ಹಿಂದೆ ಬಂದು ನಿಲ್ಲುವಷ್ಟರಲ್ಲಿ ಉಳಿಯುವುದು ಎರಡು ನಿಮಿಷದ ಮೇಲೆ ಸ್ವಲ್ಪ. ಸ್ನಾಯುವಿನಲ್ಲಿ ಸ್ಫೋಟಕ ವೇಗಕ್ಕೆ ಬೇಕಾದ ಇಂಧನ ಫಾಸ್ಫೋಕ್ರಿಯಾಟಿನ್ ಅಷ್ಟರಲ್ಲಿ ಬಹುಪಾಲು ಮರಳುತ್ತದೆ, ಆದರೆ ಜಮೆಯಾದ ಆಮ್ಲ ಇಳಿಯುವುದಿಲ್ಲ. ಅದಕ್ಕೆ ಹತ್ತಿಪ್ಪತ್ತು ನಿಮಿಷ ಹಗುರವಾಗಿ ಈಜಬೇಕು, ಇಲ್ಲಿ ಆ ಅವಕಾಶವೇ ಇಲ್ಲ. ಹಾಗಾಗಿ ಮೊದಲ ಸುತ್ತಿನಲ್ಲಿ ಅತಿ ವೇಗದವರೇ ಮೂರನೆಯದರಲ್ಲೂ ಗೆಲ್ಲುತ್ತಾರೆ ಎನ್ನುವಂತಿಲ್ಲ.

ದಣಿವು ಮೊದಲು ಕಾಣುವುದು ಕೈಯಲ್ಲಲ್ಲ, ನೀರೊಳಗೆ. ವಿಡಿಯೊ ನಿಧಾನಗೊಳಿಸಿ, ಟರ್ನ್ ಆದ ಮೇಲೆ ತಲೆ ಮೇಲೆ ಬರುವ ಜಾಗ ಗುರುತಿಸಿಕೊಳ್ಳಿ. ಮೊದಲ ಸುತ್ತಿನಲ್ಲಿ 13–14 ಮೀಟರ್‌ಗೆ ಎದ್ದವರು ಮೂರನೆಯದರಲ್ಲಿ ಉಸಿರು ತಡೆಯಲಾಗದೆ 10 ಮೀಟರ್‌ಗೇ ಎದ್ದಿರುತ್ತಾರೆ. ಆ ಮೂರು ನಾಲ್ಕು ಮೀಟರನ್ನು ಮೇಲ್ಮೈಯಲ್ಲಿ, ಕಡಿಮೆ ವೇಗದಲ್ಲಿ ಈಜಬೇಕು. ಸೋಲುವುದು ಅಲ್ಲಿ. ಸುತ್ತುಗಳ ನಡುವೆ ಕೂರಬಾರದು. ನಡೆಯುತ್ತಿರಬೇಕು, ಉಸಿರನ್ನು ಉದ್ದವಾಗಿ ಹೊರಗೆ ಬಿಡಬೇಕು, ಮೈ ತಣ್ಣಗಾಗದಂತೆ ಜಾಕೆಟ್ ಹೊದ್ದುಕೊಂಡಿರಬೇಕು, ನೀರು ಬಾಯಿ ಒದ್ದೆಯಾಗುವಷ್ಟೇ. ಜಾಣ ಕೋಚ್ ತನ್ನ ಸ್ಕಿನ್ಸ್ ಈಜುಗಾರನಿಗೆ ಅದಕ್ಕೆ ಮುಂಚಿನ ಒಂದೆರಡು ಸ್ಪರ್ಧೆ ತಪ್ಪಿಸಿರುತ್ತಾರೆ, ಅಲ್ಲಿ ಅಂಕ ಕಳೆದುಕೊಂಡರೂ ಸರಿಯೇ ಎಂದು.

ಸ್ಟಾಪ್‌ವಾಚ್

ಮೇಲಿನದಕ್ಕೆ 2020ರ ಬದಲಾವಣೆ ಸೇರಿಸಬೇಕು. 2019ರಲ್ಲಿ ಸ್ಕಿನ್ಸ್ ಎಂದರೆ ಫ್ರೀಸ್ಟೈಲ್ ಮಾತ್ರ. 2020ರಿಂದ ಮೆಡ್ಲಿ ರಿಲೇ ಗೆದ್ದ ಕ್ಲಬ್ಬಿಗೆ ಸ್ಕಿನ್ಸ್‌ನ ಸ್ಟ್ರೋಕ್ ಆರಿಸುವ ಹಕ್ಕು ಕೊಟ್ಟರು, ಮಹಿಳೆಯರ ರಿಲೇಯಿಂದ ಮಹಿಳೆಯರದ್ದು, ಪುರುಷರ ರಿಲೇಯಿಂದ ಪುರುಷರದ್ದು. ಲಿಲ್ಲಿ ಕಿಂಗ್ ಇರುವ ಕ್ಲಬ್ಬು ಗೆದ್ದರೆ ಬ್ರೆಸ್ಟ್‌ಸ್ಟ್ರೋಕ್ ಬಿಟ್ಟು ಇನ್ನೇನು ಆರಿಸೀತು? ಅದರಿಂದ ಸುಮಾ ಅವರು ಹೇಳಿದ ಎ–ಬಿ ಲೆಕ್ಕವೂ ಬದಲಾಯಿತು. ಮೆಡ್ಲಿ ರಿಲೇಗೆ ಮಾತ್ರ ಒಳ್ಳೆಯವರನ್ನೆಲ್ಲ ಎ ತಂಡಕ್ಕೇ ತುಂಬುವುದು ಲಾಭ, ಎರಡು ಅಂಕ ಹೋದರೂ ಆಯ್ಕೆಯ ಹಕ್ಕು ಅದಕ್ಕಿಂತ ದೊಡ್ಡದು.

ಅದೇ ವರ್ಷ ಜಾಕ್‌ಪಾಟ್ ಅಂಕ ಬಂತು. ಗೆದ್ದವರಿಗಿಂತ ನಿಗದಿತ ಅಂತರಕ್ಕಿಂತ ಹಿಂದೆ ಉಳಿದವರ ಅಂಕವೆಲ್ಲ ಗೆದ್ದವರ ಖಾತೆಗೆ. ಇದು ಸ್ಟಾರ್‌ಗಳಿಗೆ ಮತ್ತೆ ಬೆಲೆ ತಂದ ನಿಯಮ. ಜೊತೆಗೆ 100 ಮೀಟರ್ ವೈಯಕ್ತಿಕ ಮೆಡ್ಲಿಯೂ ಸೇರಿತು. ಡ್ರೆಸೆಲ್ ಆ ವರ್ಷದ ಫೈನಲ್‌ನಲ್ಲಿ ಅದನ್ನು 49.28ಕ್ಕೆ, 50 ಫ್ರೀಯನ್ನು 20.16ಕ್ಕೆ ಈಜಿದರು, ಕಾಂಡರ್ಸ್ ಚಾಂಪಿಯನ್ ಆಯಿತು. ರಘು ಅವರ ಮೊದಲ ಪ್ರಶ್ನೆಗೆ ಇದು ಇನ್ನೊಂದು ಕಡೆಯ ಉತ್ತರ: 2019ರಲ್ಲಿ ಡ್ರೆಸೆಲ್ ಎಷ್ಟು ಅಂತರದಿಂದ ಗೆದ್ದರೂ 9 ಅಂಕ, 2020ರಲ್ಲಿ ಅಂತರಕ್ಕೂ ಅಂಕ. ಕೋವಿಡ್ ಕಾರಣ ಆ ಸೀಸನ್ ಪೂರ್ತಿ ಬುಡಾಪೆಸ್ಟ್‌ನ ಡುನಾ ಅರೆನಾದಲ್ಲೇ ನಡೆಯಿತು, ಆಸ್ಟ್ರೇಲಿಯನ್ನರು ಹೆಚ್ಚಿನವರು ಬರಲಿಲ್ಲ, ರೋರ್‌ನ ಆಳ ಅಲ್ಲೇ ಕರಗಿತು. 2021ರ ಫೈನಲ್ ಐಂಡ್‌ಹೋವನ್‌ನಲ್ಲಿ, ಮತ್ತೆ ಎನರ್ಜಿ ಸ್ಟ್ಯಾಂಡರ್ಡ್.

ರಘು_ಶಿವಮೊಗ್ಗ

2021ರ ನಂತರದ ವಿಡಿಯೊ ಏನೂ ಸಿಗುತ್ತಿಲ್ಲ. ಲೀಗ್ ನಿಂತುಹೋಯಿತೇ?

ಸುಮಾ_ಮಂಗಳೂರು

ಹೌದು. ಲೀಗ್ ಕಟ್ಟಿದವರು ಉಕ್ರೇನಿನ ಉದ್ಯಮಿ ಕಾನ್‌ಸ್ಟಾಂಟಿನ್ ಗ್ರಿಗೊರಿಶಿನ್, ಹಣದ ದೊಡ್ಡ ಪಾಲು ಅವರದ್ದೇ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಆ ವರ್ಷದ ಸೀಸನ್ ರದ್ದಾಯಿತು, ನಂತರ ಲೀಗ್ ನಡೆದಿಲ್ಲ. ಒಬ್ಬರ ಕಿಸೆಯ ಮೇಲೆ ನಿಂತ ಲೀಗಿನಲ್ಲಿ ಈಜುಗಾರರ ಜೀವನೋಪಾಯ ಎಷ್ಟು ಅಭದ್ರ ಎನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ, ಯಾಕೆಂದರೆ ಆಟದ ವಿನ್ಯಾಸ ನಿಜಕ್ಕೂ ಚೆನ್ನಾಗಿತ್ತು.

25 ಮೀಟರ್ ಕೊಳದ ಮೇಲ್ಮಟ್ಟದ ಈಜು ನೋಡಬೇಕಿದ್ದರೆ ವರ್ಲ್ಡ್ ಅಕ್ವಾಟಿಕ್ಸ್‌ನ ವಿಶ್ವಕಪ್ ಸರಣಿ ಇದೆ. 2024ರಲ್ಲಿ ಶಾಂಘೈ, ಇಂಚಾನ್, ಸಿಂಗಾಪುರದಲ್ಲಿ ಅದು 25 ಮೀಟರ್ ಕೊಳದಲ್ಲೇ ನಡೆಯಿತು. ಆದರೆ ಅಲ್ಲಿ ಕ್ಲಬ್ಬಿಲ್ಲ, ಎರಡನೇ ಈಜುಗಾರ ಆರನೆಯವರಾದರೂ ಎಂಟನೆಯವರಾದರೂ ಯಾವ ತಂಡದ ಅಂಕಪಟ್ಟಿಯೂ ಬದಲಾಗುವುದಿಲ್ಲ. ತಂಡದ ಲೆಕ್ಕ ಬೇಕಿದ್ದರೆ ಹಳೆಯ ಮೂರು ಸೀಸನ್ನೇ ಗತಿ. 2019ರ ಫೈನಲನ್ನು ಮತ್ತೆ ನೋಡುವಾಗ ಗೆದ್ದವರನ್ನು ಬಿಟ್ಟು ಐದು, ಆರನೇ ಸ್ಥಾನಕ್ಕೆ ಯಾವ ಕ್ಲಬ್ಬಿನ ಟೋಪಿಯವರು ಮುಟ್ಟುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋಗಿ.